ಕಾನ್ಫರೆನ್ಸ್‌ಗೆ ಹೋಗಿ ಏನ್ ತಂದಿ? ಕಂಪ್ಲಿ ಸೇತುವೆಯ ಒಂದು ಪೋಸ್ಟರ್ ಕಥೆ

ಹೊಸಪೇಟೆಯಿಂದ ಮಾತಾಡ್ತಾ ಇದ್ದೀನಿ. ಹಿಂದೆ ಲಾರಿ ಹಾರ್ನ್ ಕೇಳಿಸಿದ್ರೆ ಬೇಜಾರು ಮಾಡ್ಕೋಬೇಡಿ, ಇವತ್ತಿನ ವಿಷಯವೂ ಅದೇ. ರಸ್ತೆ, ಸೇತುವೆ, ಲಾರಿ.

ನನ್ನ ಚಿಕ್ಕಮ್ಮನ ಮಗ ಸಿವಿಲ್ ಎಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದ. ಒಂದಿನ ಫೋನ್ ಮಾಡಿ, "ಅಣ್ಣಾ, ಸಾರಿಗೆ ಎಂಜಿನಿಯರಿಂಗ್ ಕಾನ್ಫರೆನ್ಸ್ ಐತಿ, ನನ್ನ ಪೋಸ್ಟರ್ ಸೆಲೆಕ್ಟ್ ಆಗೈತಿ. ರೊಕ್ಕ ಬೇಕಿತ್ತು" ಅಂದ. ರಿಜಿಸ್ಟ್ರೇಷನ್ ಫೀಸು, ರೈಲು, ರೂಮು, ಪೋಸ್ಟರ್ ಪ್ರಿಂಟು. ನಾನು ಬಿ.ಕಾಂ. ಓದಿದವನು, ಖರ್ಚಿನ ಕಡೆ ಬರೆದ ತಕ್ಷಣ ಜಮಾ ಕಡೆ ಏನು ಅಂತ ಕೈ ಹುಡುಕುತ್ತೆ. ಚಿಕ್ಕಪ್ಪ ಸಂಡೂರಿನಲ್ಲಿ ಅದಿರಿನ ಲಾರಿ ಓಡಿಸೋರು. ಅವರದ್ದು ಇನ್ನೂ ನೇರ ಪ್ರಶ್ನೆ: "ಅಲ್ಲಿಗೆ ಹೋದ್ರ ಕೆಲಸ ಕೊಡ್ತಾರೇನು? ಇಲ್ಲಾಂದ್ರ ಯಾಕ ಹೋಗ್ಬೇಕು?"

ಈ ಎಪಿಸೋಡ್ ಆ ಪ್ರಶ್ನೆಗೆ ನಾನು ಹುಡುಕಿದ ಉತ್ತರ.

ಮೊದಲು ಒಂದು ಹಳೇ ಸಂಗತಿ. ಹೊಸಪೇಟೆ ಸುತ್ತಮುತ್ತ ಎನ್‌ಎಚ್ 50, ಎನ್‌ಎಚ್ 67 ಅಂತ ಬೋರ್ಡ್ ನೋಡ್ತೀವಲ್ಲ. ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ, ಗ್ರಾಮ ರಸ್ತೆ ಅನ್ನೋ ಈ ವಿಂಗಡಣೆ ಎಲ್ಲಿಂದ ಬಂತು? 1943ರಲ್ಲಿ ನಾಗಪುರದಲ್ಲಿ ಬೇರೆ ಬೇರೆ ಪ್ರಾಂತ್ಯಗಳ ಚೀಫ್ ಎಂಜಿನಿಯರ್‌ಗಳು ಒಂದು ಕಡೆ ಕೂತರು. ಮುಂದಿನ 20 ವರ್ಷಕ್ಕೆ ರಸ್ತೆ ಯೋಜನೆ ಮಾಡಿದರು. ಆ ವಿಂಗಡಣೆ ಆ ಸಭೆಯ ಫಲ. ಅದಕ್ಕೂ ಮೊದಲು, 1934ರಲ್ಲಿ, ಇಂಡಿಯನ್ ರೋಡ್ಸ್ ಕಾಂಗ್ರೆಸ್ ಶುರುವಾಗಿತ್ತು. ಎಂಜಿನಿಯರ್‌ಗಳು ಸೇರಿ ಅನುಭವ ಹಂಚಿಕೊಳ್ಳಲಿ, ರಸ್ತೆಗೆ ಒಂದು ಮಾನದಂಡ ಇರಲಿ ಅಂತ. ಅಂದ್ರೆ ಕಾನ್ಫರೆನ್ಸ್ ಅನ್ನೋದು ಬರೀ ಶಾಲು, ಹಾರ, ಊಟ ಅಲ್ಲ.

ವಿದ್ಯಾರ್ಥಿಗಳಿಗೂ ಸಂಶೋಧಕರಿಗೂ ಹತ್ತಿರದ್ದು ಇನ್ನೊಂದಿದೆ. ಟ್ರಾನ್ಸ್‌ಪೋರ್ಟೇಷನ್ ರಿಸರ್ಚ್ ಗ್ರೂಪ್ ಆಫ್ ಇಂಡಿಯಾ ಅನ್ನೋ ಸಂಸ್ಥೆ ಎರಡು ವರ್ಷಕ್ಕೊಮ್ಮೆ ನಡೆಸೋ ಸಮ್ಮೇಳನ, ಸಿಟಿಆರ್‌ಜಿ ಅಂತಾರೆ. ಮೊದಲನೇದು ನಡೆದಿದ್ದು ನಮ್ಮ ಬೆಂಗಳೂರಲ್ಲೇ, 2011ರ ಡಿಸೆಂಬರ್‌ನಲ್ಲಿ. ಆಮೇಲೆ ಆಗ್ರಾ, ಕೋಲ್ಕತ್ತ, ಮುಂಬೈ, ಭೋಪಾಲ್, ತಿರುಚ್ಚಿ, ಸೂರತ್. 2019ರಲ್ಲಿ ಜಾಗತಿಕ ಸಾರಿಗೆ ಸಂಶೋಧನಾ ಸಮ್ಮೇಳನವೂ ಮುಂಬೈಗೆ ಬಂದಿತ್ತು.

2011 ಅಂದ ತಕ್ಷಣ ನಮ್ಮ ಕಡೆಯವರಿಗೆ ಬೇರೇನೇ ನೆನಪಾಗುತ್ತೆ. ಆ ಜುಲೈನಲ್ಲಿ ಲೋಕಾಯುಕ್ತ ವರದಿ ಬಂತು, ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಸಂಡೂರು ರಸ್ತೆಯ ಕೆಂಪು ಧೂಳು ಒಮ್ಮೆಲೇ ಕೂತುಬಿಡ್ತು. ಚಿಕ್ಕಪ್ಪನ ಲಾರಿ ಮನೆ ಮುಂದೆ ನಿಂತಿತ್ತು, ಕಂತು ಮಾತ್ರ ನಿಂತಿರಲಿಲ್ಲ. ಆರು ತಿಂಗಳೊಳಗೆ ಬೆಂಗಳೂರಲ್ಲಿ ಸಾರಿಗೆ ಸಂಶೋಧಕರೆಲ್ಲ ಸೇರಿದ್ರು ಅನ್ನೋದು ನಮಗೆ ಗೊತ್ತೂ ಇರಲಿಲ್ಲ. ನಮ್ಮ ರಸ್ತೆ ಮೇಲೆ ಆಗಿದ್ದನ್ನ ಹೇಳೋಕೆ ನಮ್ಮವರು ಆ ಕಡೆ ಮುಖ ಹಾಕೋದೂ ಇಲ್ಲ. ನನಗೆ ಕಾಡಿದ್ದು ಅದು.

ಸರಿ, ತಮ್ಮನ ಪೋಸ್ಟರ್ ಯಾವುದರ ಬಗ್ಗೆ? ಕಂಪ್ಲಿ ಸೇತುವೆ.

ಗೊತ್ತಿಲ್ಲದವರಿಗೆ ಹೇಳ್ತೀನಿ. ತುಂಗಭದ್ರೆಯ ಈ ಕಡೆ ಕಂಪ್ಲಿ, ಬಳ್ಳಾರಿ ಜಿಲ್ಲೆ. ಆ ಕಡೆ ಚಿಕ್ಕಜಂತಕಲ್, ಗಂಗಾವತಿ, ಕೊಪ್ಪಳ ಜಿಲ್ಲೆ. ಮೇಲೆ ಹೊಸಪೇಟೆ ಡ್ಯಾಮಿಂದ ನೀರು ಜೋರಾಗಿ ಬಿಟ್ರೆ ಈ ತಗ್ಗು ಸೇತುವೆ ಮುಳುಗುತ್ತೆ. ಆಗ ಬುಕ್ಕಸಾಗರ–ಕಡೇಬಾಗಿಲು ಸೇತುವೆ ಸುತ್ತಿಕೊಂಡು ಹೋಗ್ಬೇಕು. ಎತ್ತರದ ಹೊಸ ಸೇತುವೆ ಬೇಕು ಅನ್ನೋ ಕೂಗು ಹಳೇದು.

ನಮ್ಮ ಅಜ್ಜಿ ಮನೆ ಕಂಪ್ಲಿ. ಚಿಕ್ಕಮ್ಮನ ಮನೆ ಹೊಳೆ ಆಚೆ. ಅಜ್ಜಿ ತೀರಿಕೊಂಡ ದಿನ ಸೇತುವೆ ಮೇಲೆ ನೀರಿತ್ತು. ಚಿಕ್ಕಮ್ಮ ಸುತ್ತಿಕೊಂಡು ಬರೋಷ್ಟರಲ್ಲಿ ಮಣ್ಣು ಮುಗಿದಿತ್ತು. ತಾಯಿ ಮುಖ ನೋಡಲಿಲ್ಲ ಅನ್ನೋ ಮಾತು ಇವತ್ತಿಗೂ ಆ ಮನೇಲಿದೆ. ತಮ್ಮ ಆ ಪೋಸ್ಟರ್ ಮಾಡಿದ್ದು ಮಾರ್ಕ್ಸ್‌ಗಾಗಿ ಅಲ್ಲ ಅಂತ ನನಗೆ ಗೊತ್ತಿತ್ತು. ರೊಕ್ಕ ಕೊಟ್ಟೆ.

ಈಗ ಅಲ್ಲಿ ಏನಾಯ್ತು ಕೇಳಿ. ಪೋಸ್ಟರ್ ಸೆಷನ್ ಅಂದ್ರೆ ಸಾಲಾಗಿ ಬೋರ್ಡ್‌ಗಳು, ನಿಮ್ಮ ಪೋಸ್ಟರ್ ಪಕ್ಕ ನೀವು ನಿಂತಿರ್ತೀರಿ, ಬಂದವರು ಕೇಳ್ತಾರೆ. ಭಾಷಣದಲ್ಲಿ ಜನ ಸುಮ್ಮನೆ ಕೂತಿರ್ತಾರೆ, ಇಲ್ಲಿ ಹಾಗಲ್ಲ. ಒಬ್ಬ ಹಿರಿಯ ಪ್ರೊಫೆಸರ್ ಬಂದ್ರು, ಮ್ಯಾಪ್ ನೋಡಿದ್ರು, ಮುಳುಗಿದ ಸೇತುವೆ ಫೋಟೋ ನೋಡಿದ್ರು. ಆಮೇಲೆ ಎರಡೇ ಪ್ರಶ್ನೆ. "ದಿನಕ್ಕೆ ಎಷ್ಟು ಜನ ಈ ಸೇತುವೆ ದಾಟ್ತಾರೆ? ಮುಳುಗಿದ ದಿನ ಅವರೆಲ್ಲ ಎಲ್ಲಿಗೆ ಹೋಗ್ತಾರೆ?"

ತಮ್ಮನ ಹತ್ರ ಉತ್ತರ ಇರಲಿಲ್ಲ. ಹುಟ್ಟಿದಾಗಿಂದ ದಾಟಿದ ಸೇತುವೆ, ಒಂದು ದಿನವೂ ಎಣಿಸಿರಲಿಲ್ಲ.

ರಾತ್ರಿ ಫೋನಲ್ಲಿ ದನಿ ಸಣ್ಣದಾಗಿತ್ತು. "ಎಲ್ಲರ ಮುಂದ ಮರ್ಯಾದಿ ಹೋತು ಅಣ್ಣಾ" ಅಂದ. ಆದ್ರೆ ಮರುದಿನ ಚಹಾ ಬ್ರೇಕ್‌ನಲ್ಲಿ ಪಕ್ಕದ ಪೋಸ್ಟರ್‌ನ ಪಿಎಚ್‌ಡಿ ವಿದ್ಯಾರ್ಥಿನಿ ಒಬ್ಬರು ತಾವಾಗೇ ಬಂದು, ವಾಹನ ಎಣಿಸೋ ಫಾರ್ಮ್ಯಾಟ್ ಕಳಿಸ್ತೀನಿ, ಮೇಲ್ ಐಡಿ ಕೊಡಿ ಅಂದ್ರಂತೆ. ನೆಟ್‌ವರ್ಕಿಂಗ್ ಅಂತ ದೊಡ್ಡ ಹೆಸರಿಟ್ಟಿದ್ದಾರಲ್ಲ, ಇಷ್ಟೇ ಅದು.

ಊರಿಗೆ ಬಂದು ಇಬ್ಬರು ಗೆಳೆಯರ ಜೊತೆ ಸೇತುವೆ ತುದಿಯಲ್ಲಿ ಬೆಳಗಿಂದ ಸಂಜೆವರೆಗೆ ಕೂತ. ಆ ಭಾನುವಾರ ನಾನೂ ಹೋಗಿದ್ದೆ. ಅಲ್ಲಿ ನಾನು ಕಲಿತ ಒಂದು ವಿಷಯ ಹೇಳಲೇಬೇಕು: ಪಿಸಿಯು, ಅಂದ್ರೆ ಪ್ಯಾಸೆಂಜರ್ ಕಾರ್ ಯೂನಿಟ್. ಬೇರೆ ಬೇರೆ ದೇಶದ ದುಡ್ಡನ್ನ ಡಾಲರ್‌ಗೆ ಪರಿವರ್ತಿಸ್ತೀವಲ್ಲ, ಹಾಗೆ ಇಲ್ಲಿ ಪ್ರತಿ ವಾಹನವನ್ನೂ ಕಾರಿನ ಲೆಕ್ಕಕ್ಕೆ ತರ್ತಾರೆ. ರೋಡ್ಸ್ ಕಾಂಗ್ರೆಸ್‌ನ 1990ರ ಕೋಷ್ಟಕದಲ್ಲಿ ಹಳ್ಳಿಗಾಡಿನ ರಸ್ತೆಗೆ ಬೈಕ್ ಅಂದ್ರೆ 0.5, ಆಟೋ 1, ಲಾರಿ ಅಥವಾ ಬಸ್ಸು 3, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ 4.5, ದೊಡ್ಡ ಎತ್ತಿನ ಗಾಡಿ 8! ನಿಧಾನ ಹೋಗುತ್ತೆ, ಹಿಂದಿನವರನ್ನ ತಡೆಯುತ್ತೆ, ಅದಕ್ಕೆ.

ಆದ್ರೆ ಗಮನಿಸಿ. ಒಬ್ಬನೇ ಕೂತ ಕಾರು 1. ಒಂಬತ್ತು ಜನ ತುಂಬಿದ ಟಂಟಂ ಕೂಡ 1. ನಡ್ಕೊಂಡು ಹೋಗೋ ಹೆಂಗಸಿಗೆ ಆ ಕೋಷ್ಟಕದಲ್ಲಿ ಜಾಗವೇ ಇಲ್ಲ. ಅದು ರಸ್ತೆ ಎಷ್ಟು ತುಂಬಿದೆ ಅಂತ ಹೇಳುತ್ತೆ, ಎಷ್ಟು ಜನರ ಕೆಲಸ ಕೆಡುತ್ತೆ ಅಂತ ಹೇಳಲ್ಲ. ಪ್ರೊಫೆಸರ್ ಕೇಳಿದ್ದು "ಎಷ್ಟು ಜನ" ಅಂತ, "ಎಷ್ಟು ವಾಹನ" ಅಂತಲ್ಲ. ಅದು ಅರ್ಥ ಆಗಿದ್ದು ಸೇತುವೆ ತುದೀಲಿ. ತಮ್ಮ ಹಾಳೆಯಲ್ಲಿ ಇನ್ನೊಂದು ಕಾಲಂ ಎಳೆದು ತಲೆ ಎಣಿಸೋಕೆ ಶುರು ಮಾಡಿದ.

ಚಿಕ್ಕಪ್ಪನಿಂದಲೂ ಕಲಿಯೋದಿತ್ತು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಹಗಲು ರಾತ್ರಿ ಲಾರಿ ಓಡಿಸಿ ರಸ್ತೆ ಪರೀಕ್ಷೆ ಮಾಡಿದ್ರು. ಅಲ್ಲಿಂದ ಬಂದ ಲೆಕ್ಕ ಇದು: ಒಂದು ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದ್ರೆ ರಸ್ತೆಗೆ ಆಗೋ ಪೆಟ್ಟು ಎರಡು ಪಟ್ಟಲ್ಲ, ಹೆಚ್ಚು ಕಡಿಮೆ 16 ಪಟ್ಟು. ತಮ್ಮ ಇದನ್ನ ಹೇಳಿದಾಗ ಚಿಕ್ಕಪ್ಪ ನಕ್ಕರು. "ಓವರ್‌ಲೋಡ್ ಹೊಡ್ದವ್ರಿಗೆ ಇದು ಗೊತ್ತಿಲ್ಲೇನು? ಬರ್ದವ್ರು ನಮ್ಮನ್ನ ಯಾವಾಗ ಕೇಳ್ಯಾರ?" ಸಂಡೂರಿನ ಡ್ರೈವರ್‌ಗಳ ತಲೆಯಲ್ಲಿರೋ ಈ ಅನುಭವ ಯಾವ ಪ್ರಬಂಧದಲ್ಲೂ ನನಗೆ ಸಿಕ್ಕಿಲ್ಲ.

ಹಿಂಗೆ ತಲೆಯಲ್ಲಷ್ಟೇ ಉಳಿದ ವಿದ್ಯೆ ಎಷ್ಟು ಅಗತ್ಯ ಅಂತ ನಾವು 2024ರಲ್ಲಿ ನೋಡಿದ್ವಿ. ಆಗಸ್ಟ್ 10ರ ರಾತ್ರಿ ಡ್ಯಾಮಿನ 33 ಗೇಟುಗಳಲ್ಲಿ 19ನೇದು ಚೈನ್ ಕಡಿದು ಕೊಚ್ಚಿಹೋಯ್ತು. ಆಗ ಕರೆದಿದ್ದು ನಿವೃತ್ತರಾಗಿದ್ದ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರನ್ನ. ಹರಿಯೋ ನೀರಲ್ಲೇ ಸ್ಟಾಪ್‌ಲಾಗ್ ಇಳಿಸಿ ಸುಮಾರು ಒಂದು ವಾರದಲ್ಲಿ ನೀರು ತಡೆದರು.

ಮಾತುಕತೆ ಆಗದೇ ಇದ್ರೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ದೂರ ಇಲ್ಲ, ಹಂಪಿಯ ತಳವಾರಘಟ್ಟಕ್ಕೆ ಹೋಗಿ. ಅಲ್ಲಿಂದ ಆನೆಗೊಂದಿಗೆ 1990ರ ದಶಕದಲ್ಲಿ ಸೇತುವೆ ಕೆಲಸ ಶುರುವಾಯ್ತು. ಸ್ಮಾರಕಗಳ ಪರಿಸರಕ್ಕೆ ಧಕ್ಕೆ ಅಂತ ತಕರಾರು ಎದ್ದು, 1999ರಲ್ಲಿ ಯುನೆಸ್ಕೊ ಹಂಪಿಯನ್ನ ಅಪಾಯದ ಪಟ್ಟಿಗೆ ಸೇರಿಸಿತು, 2006ರಲ್ಲಿ ತೆಗೀತು. ಮತ್ತೆ ಕೆಲಸ ನಡೀತಿದ್ದಾಗ, 2009ರ ಜನವರಿಯಲ್ಲಿ, ಸೇತುವೆ ಕುಸಿದು ಕೆಲಸಗಾರರು ಪ್ರಾಣ ಕಳ್ಕೊಂಡ್ರು. ಊರಿನವರಿಗೆ ದಾಟೋಕೆ ದಾರಿ ಬೇಕಿತ್ತು, ಪುರಾತತ್ವದವರಿಗೆ ಪರಿಸರ ಉಳೀಬೇಕಿತ್ತು. ಎರಡೂ ನ್ಯಾಯವೇ. ಎಲ್ಲರೂ ಮೊದಲೇ ಒಂದು ಟೇಬಲ್ ಸುತ್ತ ಕೂತಿದ್ರೆ ಜಾಗದ ಜಗಳವಾದ್ರೂ ಕಂಬ ಏಳೋ ಮೊದಲೇ ತೀರ್ತಿತ್ತೇನೋ.

ಹಾಗಾದ್ರೆ ನೀವು ಹೋಗೋದಾದ್ರೆ? ತಮ್ಮ ಹೇಳಿದ್ದನ್ನೇ ಹೇಳ್ತೀನಿ. ವಿದ್ಯಾರ್ಥಿಗಳ ರಿಯಾಯಿತಿ ಫೀಸು ಇದೆಯಾ ಕೇಳಿ, ಕಾಲೇಜಿನಲ್ಲಿ ಅರ್ಧ ಖರ್ಚಾದ್ರೂ ಕೇಳಿ. ಕಳಿಸಿದ ದಿನವೇ ಒಪ್ಪಿಗೆ ಕೊಟ್ಟು ದುಡ್ಡು ಹಾಕಿ ಅನ್ನೋ ಕಾನ್ಫರೆನ್ಸ್‌ನಿಂದ ದೂರ ಇರಿ. ಮೊದಲ ದಿನದ ವರ್ಕ್‌ಶಾಪ್, ಕೊನೇ ದಿನದ ಸೈಟ್ ವಿಸಿಟ್ ಇದ್ರೆ ಬಿಡಬೇಡಿ. ದಿನಕ್ಕೆ ಒಂದು ಸೆಷನ್‌ನಲ್ಲಾದ್ರೂ ಎದ್ದು ಒಂದು ಪ್ರಶ್ನೆ ಕೇಳಿ. ಇಂಗ್ಲಿಷ್ ತಡವರಿಸಿದ್ರೂ ಪರವಾಗಿಲ್ಲ, ಸೇತುವೆ ನಿಮ್ಮದು. ಯಾರ ಜೊತೆ ಏನು ಮಾತಾಡಿದ್ರಿ ಅಂತ ಅವತ್ತೇ ರಾತ್ರಿ ಬರೆದಿಡಿ, ಎರಡು ದಿನದೊಳಗೆ ಮೇಲ್ ಹಾಕಿ.

ಜಮಾ ಕಡೆ ಏನು ಬಂತು ಅಂತ ಕೇಳ್ತೀರಾ? ಕೆಲಸ ಸಿಗಲಿಲ್ಲ. ಸೇತುವೆಯೂ ಎತ್ತರ ಆಗಲಿಲ್ಲ. ಬಂದಿದ್ದು ಎರಡು ಪ್ರಶ್ನೆ, ಒಂದು ಫಾರ್ಮ್ಯಾಟ್, ತುಂಬಿದ ಹಾಳೆಗಳ ಒಂದು ಕಟ್ಟು. ಇನ್ನು ಮೇಲೆ ಅರ್ಜಿ ಕೊಡೋವಾಗ "ತುಂಬಾ ಜನಕ್ಕೆ ತೊಂದ್ರೆ" ಅಂತ ಬರೀಬೇಕಿಲ್ಲ, ಸಂಖ್ಯೆ ಬರೀಬಹುದು.

ಎರಡನೇ ಪ್ರಶ್ನೆ ಬಾಕಿ ಇದೆ. ಮುಳುಗಿದ ದಿನ ಅವರೆಲ್ಲ ಎಲ್ಲಿಗೆ ಹೋಗ್ತಾರೆ? ಈ ಮಳೆಗಾಲಕ್ಕೆ ಕಡೇಬಾಗಿಲು ಸೇತುವೆ ಹತ್ರ ಕೂರೋ ಪ್ಲಾನ್ ಇದೆ. ಚಿಕ್ಕಮ್ಮ ಬುತ್ತಿ ಕಟ್ಟಿ ಕೊಡ್ತೀನಿ ಅಂದಿದ್ದಾರೆ. ಚಿಕ್ಕಪ್ಪ ರಜೆ ಇದ್ರೆ ಬಂದು ಲಾರಿ ಎಣಿಸ್ತಾರಂತೆ.

ನಿಮ್ಮೂರಲ್ಲೂ ಇಂಥ ಸೇತುವೆ ಇದ್ರೆ ಒಂದು ದಿನ ಕೂತು ಎಣಿಸಿ, ನನಗೂ ಹೇಳಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ. ಹುಷಾರಾಗಿ ಗಾಡಿ ಓಡಿಸಿ. ನಮಸ್ಕಾರ.