ಪ್ಯಾಕೆಟ್ಟಿನಲ್ಲಿ ಸಾಗುವ ಮಾತು: ಇಂಟರ್‌ನೆಟ್ ದೂರವಾಣಿಯ ತಂತ್ರ ಮತ್ತು ಸಲಕರಣೆ

ಇಂಟರ್‌ನೆಟ್ ದೂರವಾಣಿಯಲ್ಲಿ ಮಾತನಾಡುವವರ ಧ್ವನಿ ಮೊದಲು ಅಂಕಿಗಳಾಗುತ್ತದೆ. ಆ ಅಂಕಿಗಳು ಚಿಕ್ಕ ಚಿಕ್ಕ ಪ್ಯಾಕೆಟ್‌ಗಳಾಗಿ ತುಂಡಾಗಿ, ಇ-ಮೇಲ್ ಮತ್ತು ವಿಡಿಯೊ ಓಡಾಡುವ ಜಾಲದಲ್ಲೇ ಅವುಗಳ ನಡುವೆ ನುಸುಳಿಕೊಂಡು ಸಾಗಿ, ಆಚೆ ತುದಿಯಲ್ಲಿ ಮತ್ತೆ ಧ್ವನಿಯಾಗುತ್ತವೆ. ಹಳೆಯ ದೂರವಾಣಿಯ ಕ್ರಮ ಬೇರೆ. ಅಲ್ಲಿ ಕರೆ ಕೂಡಿಕೊಂಡ ಕ್ಷಣದಿಂದ ಎರಡು ತುದಿಗಳ ನಡುವೆ ಒಂದು ದಾರಿ ಆ ಕರೆಗೆಂದೇ ಮೀಸಲು. ಇಬ್ಬರೂ ಸುಮ್ಮನಿದ್ದರೂ ಅದು ಇನ್ನೊಬ್ಬರಿಗೆ ಸಿಗುತ್ತಿರಲಿಲ್ಲ. ನಂಬರು ಗುರುತಿಸುವುದು, ಗಂಟೆ ಬಾರಿಸುವುದು, ಬಿಲ್ಲಿನ ಲೆಕ್ಕ ಇಡುವುದು, ಫೋನಿಗೆ ಬೇಕಾದ 48 ವೋಲ್ಟ್ ವಿದ್ಯುತ್ತನ್ನು ತಂತಿಯಲ್ಲೇ ಕಳಿಸುವುದು, ಎಲ್ಲವೂ ಎಕ್ಸ್‌ಚೇಂಜಿನ ಕೆಲಸ. ಮನೆಯ ಉಪಕರಣಕ್ಕೆ ಬುದ್ಧಿ ಬೇಕಿರಲಿಲ್ಲ. ಇಂಟರ್‌ನೆಟ್ ದೂರವಾಣಿ ಈ ಏರ್ಪಾಡನ್ನು ತಲೆಕೆಳಗು ಮಾಡಿತು. ಕೆಲಸದ ಬಹುಪಾಲು ತುದಿಯ ಉಪಕರಣಕ್ಕೆ ಬಂತು, ಅದರ ಹಿಂದೆಯೇ ಹೊಣೆಯೂ ಬಂತು. ಧ್ವನಿಯ ಗುಣಮಟ್ಟ, ವಿದ್ಯುತ್ತು, ಭದ್ರತೆ, ಇವನ್ನು ಈಗ ಬಳಸುವವರೇ ನೋಡಿಕೊಳ್ಳಬೇಕು. ಇಂಟರ್‌ನೆಟ್ ದೂರವಾಣಿಯ ಬಗೆಗಿನ ಚರ್ಚೆ ಎತ್ತಿಕೊಳ್ಳಬೇಕಾದ ಮುಖ್ಯ ವಿಷಯ ಈ ಹೊಣೆ.

ಧ್ವನಿ ಡಿಜಿಟಲ್ ಆದದ್ದೇ ಇಂಟರ್‌ನೆಟ್ ದೂರವಾಣಿಯಿಂದ ಎಂಬ ಭಾವನೆ ವ್ಯಾಪಕವಾಗಿದೆ. ಅದು ಸರಿಯಲ್ಲ. ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ 128 ಪೋರ್ಟುಗಳ ಗ್ರಾಮೀಣ ಎಕ್ಸ್‌ಚೇಂಜು 1986ರಲ್ಲಿ ಕಿತ್ತೂರಿನಲ್ಲಿ ಕೆಲಸ ಶುರುಮಾಡಿದಾಗಲೇ ಮಾತು ಅಂಕಿಯಾಗಿತ್ತು. ಹವಾನಿಯಂತ್ರಣ ಬೇಡದ, ಧೂಳು ಮತ್ತು ಸೆಕೆಯನ್ನು ತಡೆದುಕೊಳ್ಳುವ ಆ ಯಂತ್ರ ಹಳ್ಳಿಗಳಿಗೆ ಡಿಜಿಟಲ್ ಧ್ವನಿಯನ್ನು ಕೊಂಡೊಯ್ದಿತು. ಆದರೆ ಅಲ್ಲಿ ಪ್ರತಿ ಕರೆಗೂ ಮೀಸಲು ಜಾಗ ಇದ್ದೇ ಇತ್ತು. ಇಂಟರ್‌ನೆಟ್ ದೂರವಾಣಿ ತೆಗೆದುಹಾಕಿದ್ದು ಆ ಮೀಸಲನ್ನು.

ಈ ಆಲೋಚನೆಗೆ ಅರ್ಧ ಶತಮಾನದ ವಯಸ್ಸಾಗಿದೆ. ಇಂಟರ್‌ನೆಟ್ಟಿನ ಪೂರ್ವಜ ಅರ್ಪಾನೆಟ್‌ನಲ್ಲಿ ಡ್ಯಾನಿ ಕೋಹೆನ್ ಮತ್ತು ಸಂಗಡಿಗರು 1974ರಲ್ಲೇ ಪ್ಯಾಕೆಟ್‌ಗಳ ಮೂಲಕ ಮಾತು ಕಳಿಸಿ ತೋರಿಸಿದ್ದರು. ಇಸ್ರೇಲಿನ ವೋಕಲ್‌ಟೆಕ್ 1995ರಲ್ಲಿ ಮಾರುಕಟ್ಟೆಗೆ ತಂದ ಇಂಟರ್‌ನೆಟ್ ಫೋನ್ ತಂತ್ರಾಂಶದಿಂದ ಅದು ಸಾಮಾನ್ಯರ ಕಂಪ್ಯೂಟರಿಗೆ ಬಂತು. ಧ್ವನಿ ಸಾಗಿಸುವ ಆರ್‌ಟಿಪಿ ನಿಯಮಾವಳಿ 1996ರಲ್ಲಿ, ಕರೆ ಕೂಡಿಸುವ ಸಿಪ್ ನಿಯಮಾವಳಿ 1999ರಲ್ಲಿ ಪ್ರಕಟವಾದವು. ಇಂದಿಗೂ ವೃತ್ತಿಪರ ಸಲಕರಣೆಗಳು ನಿಂತಿರುವುದು ಈ ಎರಡರ ಮೇಲೆ. 2003ರಲ್ಲಿ ಬಂದ ಸ್ಕೈಪ್ ತನ್ನದೇ ಗುಟ್ಟಿನ ನಿಯಮಗಳಿಂದ ಜಗತ್ತನ್ನು ಸುತ್ತಿ, 2025ರ ಮೇ ತಿಂಗಳಲ್ಲಿ ಬಾಗಿಲು ಹಾಕಿತು. ಬಹಿರಂಗ ನಿಯಮಾವಳಿಗಳು ಉಳಿದಿವೆ. ಸಲಕರಣೆ ಕೊಳ್ಳುವ ಸಂಸ್ಥೆಗಳು ಈ ವ್ಯತ್ಯಾಸವನ್ನು ಗಮನಿಸಬೇಕು.

ತಂತ್ರದ ಒಳಗುಟ್ಟು ತಿಳಿಯಲು ಸ್ವಲ್ಪ ಲೆಕ್ಕ ಮಾಡಬೇಕು. ಧ್ವನಿಯನ್ನು ಅಂಕಿಯಾಗಿಸಿ ಮತ್ತೆ ಧ್ವನಿಯಾಗಿಸುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ಜಿ.711 ಎಂಬ ಮೂಲ ಕೋಡೆಕ್ ಧ್ವನಿಯನ್ನು ಸೆಕೆಂಡಿಗೆ 8,000 ಸಲ ಅಳೆದು ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆಯುತ್ತದೆ. ಅಲ್ಲಿಗೆ ಸೆಕೆಂಡಿಗೆ 64 ಕಿಲೋಬಿಟ್. ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ಮಾತು ಒಂದು ಪ್ಯಾಕೆಟ್ಟಿಗೆ ಹೋಗುತ್ತದೆ, ಅಂದರೆ 160 ಬೈಟ್. ಅದರ ತಲೆಯ ಮೇಲೆ ವಿಳಾಸ, ಸರದಿ, ಸಮಯದ ವಿವರಗಳಿಗೆ 40 ಬೈಟ್. ಒಟ್ಟು 200 ಬೈಟ್‌ಗಳ ಪ್ಯಾಕೆಟ್‌ಗಳು ಸೆಕೆಂಡಿಗೆ 50 ಹೊರಟರೆ ಪ್ರತಿ ದಿಕ್ಕಿಗೂ 80 ಕಿಲೋಬಿಟ್ ಬೇಕು. ಜಿ.729 ಕೋಡೆಕ್ ಅದೇ ಮಾತನ್ನು 20 ಬೈಟ್‌ಗೆ ಹಿಂಡುತ್ತದೆ. ಆದರೂ ತಲೆಬರಹದ 40 ಬೈಟ್ ಕಡಿಮೆಯಾಗುವುದಿಲ್ಲ, ಸರಕಿಗಿಂತ ಪೊಟ್ಟಣವೇ ಇಮ್ಮಡಿ ಭಾರವಾಗುತ್ತದೆ. ಹಾಗಾಗಿ ಮಾತನ್ನು ಎಂಟನೆಯ ಒಂದು ಪಾಲಿಗೆ ಹಿಂಡಿದರೂ ಬಳಕೆ 24 ಕಿಲೋಬಿಟ್‌ಗಿಂತ ಕೆಳಗಿಳಿಯುವುದಿಲ್ಲ. 2012ರಲ್ಲಿ ಮಾನಕವಾದ ಓಪಸ್ ಕೋಡೆಕ್ ಜಾಲದ ಸ್ಥಿತಿ ನೋಡಿಕೊಂಡು 6ರಿಂದ 510 ಕಿಲೋಬಿಟ್‌ವರೆಗೆ ತನ್ನನ್ನು ತಾನೇ ಹೊಂದಿಸಿಕೊಳ್ಳಬಲ್ಲದು. ಹಳೆಯ ದೂರವಾಣಿ 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ದಾಟಿಸುತ್ತಿತ್ತು. ‘ಸ’ಕಾರದ ಸದ್ದಿನ ಹೆಚ್ಚಿನ ಪಾಲು ಅದಕ್ಕಿಂತ ಮೇಲಿರುವುದರಿಂದ ಫೋನಿನಲ್ಲಿ ಹೆಸರುಗಳು ತಪ್ಪಾಗಿ ಕೇಳಿಸುತ್ತಿದ್ದವು. ಓಪಸ್‌ನಂಥ ಕೋಡೆಕ್‌ಗಳು ಈ ತೊಡಕನ್ನು ನಿವಾರಿಸಿವೆ. ಔಷಧದ ಹೆಸರನ್ನು ಫೋನಿನಲ್ಲಿ ಹೇಳುವ ಆಸ್ಪತ್ರೆಗೆ ಇದು ದೊಡ್ಡ ವಿಷಯ.

ಇಷ್ಟು ಕಿಲೋಬಿಟ್ ಇಂದಿನ ಸಾಧಾರಣ ಸಂಪರ್ಕಕ್ಕೂ ಭಾರವಲ್ಲ. ಕಷ್ಟ ಇರುವುದು ಸಮಯಪಾಲನೆಯಲ್ಲಿ. ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನ ಒಳಗಿದ್ದರೆ ಸಂಭಾಷಣೆ ಸಹಜವಾಗಿರುತ್ತದೆ ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾರ್ಗಸೂಚಿ. ಬೆಳಕು ಗಾಜಿನ ಎಳೆಯಲ್ಲಿ 1,000 ಕಿಲೋಮೀಟರಿಗೆ ಸುಮಾರು 5 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ನೇರ ರೇಖೆಯಲ್ಲೇ 14,000 ಕಿಲೋಮೀಟರ್ ಆಸುಪಾಸು. ಅಲ್ಲಿಗೇ 70 ಮಿಲಿಸೆಕೆಂಡ್ ಕಳೆಯಿತು, ಕಡಲಡಿಯ ಕೇಬಲ್ ಸುತ್ತಿಕೊಂಡು ಹೋಗುವುದು ಬೇರೆ. ಮಿಕ್ಕ ಸಮಯದಲ್ಲೇ ಕೋಡೆಕ್, ರೂಟರ್, ವೈಫೈ ಎಲ್ಲವೂ ತಂತಮ್ಮ ಕೆಲಸ ಮುಗಿಸಬೇಕು. ಪ್ಯಾಕೆಟ್‌ಗಳು ಒಂದೇ ಅಂತರದಲ್ಲಿ ಬರುವುದೂ ಇಲ್ಲ. ಈ ಏರುಪೇರಿಗೆ ಜಿಟರ್ ಎನ್ನುತ್ತಾರೆ. ಬೀದಿ ನಲ್ಲಿಯಲ್ಲಿ ನೀರು ಬಿಟ್ಟು ಬಿಟ್ಟು ಬಂದರೂ ಮಹಡಿಯ ತೊಟ್ಟಿ ಮನೆಯೊಳಗೆ ಒಂದೇ ಸಮ ಹರಿಸುವಂತೆ, ಉಪಕರಣದೊಳಗಿನ ಜಿಟರ್ ಬಫರ್ ಪ್ಯಾಕೆಟ್‌ಗಳನ್ನು ಹತ್ತಾರು ಮಿಲಿಸೆಕೆಂಡ್ ತಡೆದು ಸಮನಾಗಿ ಬಿಡುತ್ತದೆ. ಬಫರ್ ದೊಡ್ಡದಾದರೆ ಮಾತು ತುಂಡಾಗದು, ಆದರೆ ತಡವಾಗುತ್ತದೆ. ಚಿಕ್ಕದಾದರೆ ಬೇಗ ಬರುತ್ತದೆ, ಆದರೆ ಮುರಿಯುತ್ತದೆ. ಕಳೆದುಹೋದ ಪ್ಯಾಕೆಟ್ಟನ್ನು ಮತ್ತೆ ಕೇಳಿ ತರಿಸುವುದು ಕಡತಗಳಿಗೆ ಸರಿ. ಮಾತಿನಲ್ಲಿ ಅದು ಬರುವಷ್ಟರಲ್ಲಿ ಮುಂದಿನ ಪದ ಮುಗಿದಿರುತ್ತದೆ. ಅದಕ್ಕೇ ಧ್ವನಿ, ಕಳೆದದ್ದನ್ನು ಮತ್ತೆ ಕಳಿಸದ ಯುಡಿಪಿ ನಿಯಮಾವಳಿಯಲ್ಲಿ ಸಾಗುತ್ತದೆ, ಬಿದ್ದ ಅಂತರವನ್ನು ಕೋಡೆಕ್ ಅಂದಾಜಿನಿಂದ ತುಂಬುತ್ತದೆ.

ಕರೆ ಕೂಡಿಸುವ ಸಂದೇಶ ಮತ್ತು ಮಾತು ಸಾಮಾನ್ಯವಾಗಿ ಬೇರೆ ಬೇರೆ ದಾರಿ ಹಿಡಿಯುತ್ತವೆ. ಸಿಪ್ ಸಂದೇಶ ಸರ್ವರಿನ ಮೂಲಕ ಹೋಗಿ ಗಂಟೆ ಬಾರಿಸುತ್ತದೆ. ಒಪ್ಪಿಗೆ ಸಿಕ್ಕ ಮೇಲೆ ಧ್ವನಿ ಎರಡು ತುದಿಗಳ ನಡುವೆ ನೇರವಾಗಿ ಓಡಬಹುದು. ದುರಸ್ತಿಗೆ ಹೋಗುವ ತಂತ್ರಜ್ಞರು ಹೆಚ್ಚಾಗಿ ಕೇಳುವ ದೂರು, ‘ನಮ್ಮ ಮಾತು ಅವರಿಗೆ ಕೇಳಿಸುತ್ತೆ, ಅವರದು ನಮಗೆ ಕೇಳಿಸಲ್ಲ’ ಎಂಬುದು, ಹುಟ್ಟುವುದು ಇಲ್ಲಿಯೇ. ಮನೆ ಅಥವಾ ಕಚೇರಿಯ ರೂಟರಿನ ಹಿಂದೆ ಇರುವ ಫೋನಿಗೆ ಗೊತ್ತಿರುವುದು ತನ್ನ ಒಳ ವಿಳಾಸ ಮಾತ್ರ. ಅದನ್ನೇ ಸಂದೇಶದಲ್ಲಿ ಬರೆದು ಕಳಿಸಿದರೆ ಹೊರಗಿನ ಧ್ವನಿ ಬರಬೇಕಾದ ಬಾಗಿಲು ಸಿಗುವುದಿಲ್ಲ. ಸ್ಟನ್ ಸರ್ವರ್ ಫೋನಿಗೆ ಅದರ ಹೊರ ವಿಳಾಸ ತಿಳಿಸುತ್ತದೆ, ಅದೂ ಸಾಲದಿದ್ದರೆ ಟರ್ನ್ ಸರ್ವರ್ ನಡುವೆ ನಿಂತು ಧ್ವನಿಯನ್ನು ದಾಟಿಸುತ್ತದೆ. ರೂಟರುಗಳಲ್ಲಿ ಸಹಾಯಕ್ಕೆಂದು ಇಟ್ಟಿರುವ ಸಿಪ್ ಎಎಲ್‌ಜಿ ಸೌಲಭ್ಯ ಅನೇಕ ಸಲ ಸಂದೇಶವನ್ನು ಕೆಡಿಸುತ್ತದೆ. ಮೊದಲು ಅದನ್ನು ನಿಲ್ಲಿಸಿ ನೋಡುವುದು ಒಳ್ಳೆಯ ಪದ್ಧತಿ.

ಸಲಕರಣೆಗಳ ವಿಷಯ ಇದಕ್ಕಿಂತ ಸರಳ. ಐಪಿ ಫೋನ್ ನೇರವಾಗಿ ಜಾಲದ ಕೇಬಲ್‌ಗೆ ಸೇರುತ್ತದೆ. ಸಾಫ್ಟ್‌ಫೋನ್ ಎಂದರೆ ಕಂಪ್ಯೂಟರ್ ಅಥವಾ ಮೊಬೈಲಿನ ತಂತ್ರಾಂಶ. ಎಟಿಎ ಎಂಬ ಪುಟ್ಟ ಪೆಟ್ಟಿಗೆ ಹಳೆಯ ಫೋನನ್ನು ಇಂಟರ್‌ನೆಟ್ಟಿಗೆ ಜೋಡಿಸುತ್ತದೆ. ಅದರ ಎಫ್‌ಎಕ್ಸ್‌ಎಸ್ ಕಿಂಡಿ ಫೋನಿಗೆ, ಎಫ್‌ಎಕ್ಸ್‌ಒ ಕಿಂಡಿ ಹೊರಗಿನ ಲೈನಿಗೆ. ಅದಲುಬದಲಾದರೆ ಪೆಟ್ಟಿಗೆ ಕೆಲಸ ಮಾಡದು. ಕಚೇರಿಯೊಳಗಿನ ಕರೆಗಳನ್ನು ಐಪಿ ಪಿಬಿಎಕ್ಸ್ ನೋಡಿಕೊಳ್ಳುತ್ತದೆ. ಮಾರ್ಕ್ ಸ್ಪೆನ್ಸರ್ 1999ರಲ್ಲಿ ಶುರುಮಾಡಿದ ಆಸ್ಟೆರಿಸ್ಕ್ ಎಂಬ ಮುಕ್ತ ತಂತ್ರಾಂಶ ಒಂದು ಸಾಧಾರಣ ಕಂಪ್ಯೂಟರನ್ನೇ ಪಿಬಿಎಕ್ಸ್ ಆಗಿಸುತ್ತದೆ. ಕಾಲೇಜು ಮತ್ತು ತಾಲ್ಲೂಕು ಆಸ್ಪತ್ರೆಗಳ ಮಟ್ಟಿಗೆ ಇದಕ್ಕಿಂತ ಉಪಕಾರಿಯಾದದ್ದು ಕಡಿಮೆ. ಪಿಒಇ ಸ್ವಿಚ್ ಒಂದೇ ಕೇಬಲ್‌ನಲ್ಲಿ ಡೇಟಾ ಮತ್ತು ವಿದ್ಯುತ್ತು ಎರಡನ್ನೂ ಕೊಡುತ್ತದೆ. ಹಣ ಮಿತವಾಗಿದ್ದಲ್ಲಿ ಅದು ಮೊದಲು ಹೋಗಬೇಕಾದದ್ದು ಒಳ್ಳೆಯ ಸ್ವಿಚ್, ಯುಪಿಎಸ್ ಮತ್ತು ಹೆಡ್‌ಸೆಟ್‌ಗಳಿಗೆ. ಬಣ್ಣದ ಪರದೆಯ ಫೋನುಗಳು ಆಮೇಲೆ ಬರಲಿ.

ಯುಪಿಎಸ್ ಬಗ್ಗೆ ಒತ್ತಿ ಹೇಳಲು ಕಾರಣವಿದೆ. ಕರೆಂಟು ಹೋದಾಗಲೂ ಲ್ಯಾಂಡ್‌ಲೈನ್ ನಡೆಯುತ್ತಿದ್ದದ್ದು ಎಕ್ಸ್‌ಚೇಂಜಿನ ಬ್ಯಾಟರಿಯಿಂದ. ಫೈಬರ್ ಎಳೆ ವಿದ್ಯುತ್ತು ತರುವುದಿಲ್ಲ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದ ಮಲೆನಾಡಿನ ಮನೆಗೆ ಫೈಬರ್ ಫೋನ್ ಕೊಡುವವರು ಮೋಡೆಮ್‌ನ ಬ್ಯಾಟರಿಯನ್ನೂ ಯೋಚಿಸಬೇಕು. ತುರ್ತು ಕರೆಯ ಸಮಸ್ಯೆಯೂ ಇದೇ ಜಾತಿಯದು: ತಂತಿಯ ಫೋನಿಗೆ ನಿಶ್ಚಿತ ಮನೆಯಿತ್ತು, ಇಂಟರ್‌ನೆಟ್ ಫೋನನ್ನು ಎಲ್ಲಿಗಾದರೂ ಒಯ್ಯಬಹುದು, 112ಕ್ಕೆ ಕರೆ ಮಾಡಿದವರು ಎಲ್ಲಿದ್ದಾರೆಂಬುದನ್ನು ನಂಬರು ಹೇಳುವುದಿಲ್ಲ. ಭದ್ರತೆಯಲ್ಲೂ ಎಚ್ಚರ ಬೇಕು. ಸಿಪ್‌ನ 5060ನೇ ಪೋರ್ಟನ್ನು ಹೊರಜಗತ್ತಿಗೆ ತೆರೆದಿಟ್ಟು ಸುಲಭದ ಪಾಸ್‌ವರ್ಡ್ ಇಟ್ಟರೆ, ಕಳ್ಳ ತಂತ್ರಾಂಶಗಳು ರಾತ್ರಿಯಿಡೀ ದುಬಾರಿ ವಿದೇಶಿ ಕರೆ ಮಾಡಿ ಬಿಲ್ಲನ್ನು ಸಂಸ್ಥೆಯ ತಲೆಗೆ ಕಟ್ಟುತ್ತವೆ. ಸಂದೇಶಕ್ಕೆ ಟಿಎಲ್‌ಎಸ್, ಧ್ವನಿಗೆ ಎಸ್‌ಆರ್‌ಟಿಪಿ ಗೂಢಲಿಪಿ ಇಲ್ಲದಿದ್ದರೆ ದಾರಿಯ ಮಧ್ಯದಲ್ಲಿ ಮಾತನ್ನು ಕದ್ದು ಕೇಳುವುದೂ ಕಷ್ಟವಲ್ಲ.

ಭಾರತದಲ್ಲಿ ಇಂಟರ್‌ನೆಟ್ ದೂರವಾಣಿಗೆ 2002ರ ಏಪ್ರಿಲ್‌ನಲ್ಲಿ ಅನುಮತಿ ಸಿಕ್ಕಿತು. ಆಗ ಕಂಪ್ಯೂಟರಿನಿಂದ ಕಂಪ್ಯೂಟರಿಗೆ, ಅಥವಾ ಇಲ್ಲಿನ ಕಂಪ್ಯೂಟರಿನಿಂದ ವಿದೇಶದ ಫೋನಿಗೆ ಮಾತನಾಡಬಹುದಿತ್ತು. ದೇಶದೊಳಗಿನ ಫೋನಿಗೆ ಆಗುತ್ತಿರಲಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2017ರಲ್ಲಿ ಮಾಡಿದ ಶಿಫಾರಸಿನ ನಂತರ 2018ರಲ್ಲಿ ಪರವಾನಗಿ ನಿಯಮ ಬದಲಾಗಿ ಆ ತಡೆ ಸರಿಯಿತು, ಬಿಎಸ್‌ಎನ್‌ಎಲ್ ವಿಂಗ್ಸ್ ಸೇವೆ ಬಂತು. ಬೆಂಗಳೂರಿನ ಕಾಲ್ ಸೆಂಟರುಗಳಿಗೆ ಹೆಚ್ಚು ನೆರವಾದದ್ದು ಅವುಗಳ ನೋಂದಣಿಯ ಕಟ್ಟಳೆ ತೆಗೆದುಹಾಕಿದ 2020ರ ನವೆಂಬರಿನ ನಿಯಮ. ವಿದೇಶಿ ಕರೆಯನ್ನು ಇಂಟರ್‌ನೆಟ್ಟಿನಲ್ಲಿ ತಂದು ಸಿಮ್ ಬಾಕ್ಸ್ ಮೂಲಕ ಸ್ಥಳೀಯ ಕರೆಯಂತೆ ನುಗ್ಗಿಸುವುದು ಆಗಲೂ ಅಪರಾಧವಾಗಿತ್ತು, ಈಗಲೂ ಅಪರಾಧ. ಕರಾವಳಿಯ ಸಾವಿರಾರು ಮನೆಗಳಿಗೆ ಸಂಬಂಧಿಸಿದ ಸಂಯುಕ್ತ ಅರಬ್ ಸಂಸ್ಥಾನದಲ್ಲಿ, ಪರವಾನಗಿ ಪಡೆದ ಕೆಲವೇ ಆ್ಯಪ್‌ಗಳಲ್ಲಿ ಇಂಟರ್‌ನೆಟ್ ಕರೆ ಮಾಡಬಹುದು.

ಸಾಮಾನ್ಯ ಮೊಬೈಲ್ ಕರೆಯೂ ಈಗ ಇದೇ ತಂತ್ರಕ್ಕೆ ಸೇರಿದೆ. ಜಿಯೊ 2016ರಲ್ಲಿ ಸೇವೆ ಆರಂಭಿಸಿದಾಗ ಅದರಲ್ಲಿ ಹಳೆಯ ಸರ್ಕ್ಯೂಟ್ ಕರೆಯ ವ್ಯವಸ್ಥೆಯೇ ಇರಲಿಲ್ಲ. ವೋಲ್ಟಿ ಎಂಬ 4ಜಿ ಧ್ವನಿ ಕರೆಯ ಒಳಗೆ ನಡೆಯುವುದು ಸಿಪ್ ಮತ್ತು ಆರ್‌ಟಿಪಿಯೇ. ವ್ಯತ್ಯಾಸವೆಂದರೆ ಅಲ್ಲಿ ಧ್ವನಿಯ ಪ್ಯಾಕೆಟ್ಟಿಗೆ ಕಂಪನಿಯ ಜಾಲ ಆದ್ಯತೆ ಕೊಡುತ್ತದೆ. ವಾಟ್ಸ್‌ಆ್ಯಪ್ ಕರೆಗೆ ಅಂಥ ಖಾತರಿ ಇಲ್ಲ.

ಇದನ್ನೆಲ್ಲ ಕಲಿಸಲು ದುಬಾರಿ ಪ್ರಯೋಗಾಲಯ ಬೇಕಿಲ್ಲ. ಲಿನಕ್ಸ್ ಹಾಕಿದ ಒಂದು ಕಂಪ್ಯೂಟರಿನಲ್ಲಿ ಆಸ್ಟೆರಿಸ್ಕ್, ಎರಡು ಸಾಫ್ಟ್‌ಫೋನ್, ಪ್ಯಾಕೆಟ್‌ಗಳನ್ನು ತೆರೆದು ತೋರಿಸುವ ವೈರ್‌ಶಾರ್ಕ್ ಇದ್ದರೆ ಸಾಕು. ಪಾಲಿಟೆಕ್ನಿಕ್ ವಿದ್ಯಾರ್ಥಿ ಮೊದಲು ಕರೆಯ ಸಂದೇಶಗಳನ್ನು ಒಂದೊಂದಾಗಿ ಓದಲಿ. ಆಮೇಲೆ ಲಿನಕ್ಸ್‌ನ ನೆಟ್‌ಎಮ್ ಸೌಲಭ್ಯದಿಂದ ನೂರಕ್ಕೆ ಎರಡು, ಐದು, ಹತ್ತು ಪ್ಯಾಕೆಟ್‌ಗಳನ್ನು ಬೀಳಿಸಿ, ಜಿ.711 ಮತ್ತು ಓಪಸ್ ಎರಡರಲ್ಲೂ ಮಾತು ಹೇಗೆ ಕೇಳಿಸುತ್ತದೆಂದು ಹೋಲಿಸಲಿ. ಕೊನೆಗೆ ವಿಳಂಬವನ್ನು 50ರಿಂದ 150ಕ್ಕೆ, ಅಲ್ಲಿಂದ 400 ಮಿಲಿಸೆಕೆಂಡಿಗೆ ಏರಿಸಿ, ಇಬ್ಬರೂ ಒಟ್ಟಿಗೇ ಮಾತು ತೆಗೆದು ಒಟ್ಟಿಗೇ ನಿಲ್ಲಿಸುವ ಹಂತ ಎಲ್ಲಿ ಶುರುವಾಗುತ್ತದೆಂದು ಬರೆದಿಟ್ಟುಕೊಳ್ಳಲಿ.