ಪಾತ್ರದ ಪೂರ್ವಕಥೆ
(ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಾವು ಇಂದು ಆರಿಸಿಕೊಂಡ ವಿಷಯವು ರಾಜ್ಯೋತ್ಸವದ ವೇದಿಕೆಗೆ ಒಗ್ಗತಕ್ಕದ್ದಲ್ಲವೆಂದು ಕೆಲವರಿಗೆ ತೋರಬಹುದು. ಕದಂಬರು, ಚಾಲುಕ್ಯರು, ಹೊಯ್ಸಳರು ಇವರನ್ನು ಕುರಿತು ಪ್ರತಿವರ್ಷವೂ ಕೇಳಿದ್ದೇವೆ. ಇನ್ನು ಮುಂದೆಯೂ ಕೇಳುವೆವು. ಈ ಸಲ ಮಕ್ಕಳ ಆಟವೊಂದನ್ನು ಕುರಿತು ನಾಲ್ಕು ಮಾತನ್ನಾಡಲು ಅಪ್ಪಣೆಯಾಗಬೇಕು.

ಕಾರಣವಿದೆ. ಆಟೋನಗರದ ಸುತ್ತಿನ ನಮ್ಮ ಮನೆಗಳಲ್ಲಿ ಈಚೆಗೆ ಒಂದು ದೂರು ಹಬ್ಬಿದೆ. ಹುಡುಗರು, ಹುಡುಗಿಯರೂ ಸಹ, ರಾತ್ರಿ ಊಟವಾದ ಮೇಲೆ ಆನ್‌ಲೈನಿನಲ್ಲಿ ಗುಂಪು ಕೂಡಿ ಪಾತ್ರ ವಹಿಸುವ ಆಟವನ್ನಾಡುತ್ತಾರೆ. ಒಬ್ಬನು ಕಳ್ಳ, ಒಬ್ಬಳು ವೈದ್ಯೆ, ಇನ್ನೊಬ್ಬನು ಪೊಲೀಸು. ಆಟಕ್ಕೆ ಸೇರುವ ಮೊದಲು, ತನ್ನ ಪಾತ್ರವು ಹುಟ್ಟಿದ್ದೆಲ್ಲಿ, ಬೆಳೆದದ್ದು ಹೇಗೆ, ಈ ಊರಿಗೆ ಬಂದದ್ದೇಕೆ ಎಂಬ ಪೂರ್ವಕಥೆಯನ್ನು ಬರೆದು ಒಪ್ಪಿಸಬೇಕೆಂಬ ನಿಯಮವು ಹಲವು ಗುಂಪುಗಳಲ್ಲಿದೆ. ಹೀಗೆ ಬರೆದ ಹಾಳೆಯೊಂದು ತಾಯಿಯೊಬ್ಬರ ಕೈಗೆ ಸಿಕ್ಕಿತು. ತನಗೆ ತಂದೆ ತಾಯಿಗಳಿಲ್ಲ, ಊರೂ ಇಲ್ಲ ಎಂದು ಮೊದಲ ಸಾಲಿನಲ್ಲೇ ಇತ್ತು. ಆ ತಾಯಿ ಕಣ್ಣೀರಿಟ್ಟರು. ಬೆಳಗಿನ ಐದು ಗಂಟೆಗೆ ಹೋಟೆಲಿನ ಒಲೆ ಹಚ್ಚುವ ತಂದೆಯು, ತಾನು ಬದುಕಿರುವಾಗಲೇ ಮಗನು ತನ್ನನ್ನು ಕೊಂದನೆಂದು ಸಿಟ್ಟಾದರು. ಸುಳ್ಳು ಹೇಳುವುದಕ್ಕೆ ಅಭ್ಯಾಸಮಾಡಿಸುವ ಆಟವಿದು ಎಂದು ನೆರೆಹೊರೆಯವರು ತೀರ್ಪುಕೊಟ್ಟರು.

ಈ ತೀರ್ಪು ನಮಗೆ ಒಪ್ಪಿಗೆಯಿಲ್ಲ. ಪಾತ್ರಕ್ಕೊಂದು ಪೂರ್ವಕಥೆಯನ್ನು ಕಟ್ಟಿಕೊಂಡು, ಎದುರಿಗಿರುವವರೊಡನೆ ಆ ಪಾತ್ರವಾಗಿಯೇ ಮಾತನಾಡುವ ವಿದ್ಯೆಯು ಕನ್ನಡನಾಡಿನಲ್ಲಿ ಬಹಳ ಹಿಂದಿನಿಂದಲೂ ನಡೆದುಬಂದಿದೆ.

ಕರಾವಳಿಯಿಂದ ಬಂದವರಿಗೆ ತಾಳಮದ್ದಳೆಯ ಪರಿಚಯ ಬೇಕಿಲ್ಲ. ಬಳ್ಳಾರಿ, ರಾಯಚೂರು, ಬೆಂಗಳೂರುಗಳ ಕಡೆಯವರಿಗಾಗಿ ಎರಡು ಮಾತು. ಪತ್ತನಾಜೆಗೆ ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಮಳೆ ಹಿಡಿಯುತ್ತದೆ. ಆ ದಿನಗಳಲ್ಲಿ ವೇಷವಿಲ್ಲದೆ, ಕುಣಿತವಿಲ್ಲದೆ, ಅಂಗಿ ಶಾಲುಗಳನ್ನು ಧರಿಸಿದ ನಾಲ್ಕಾರು ಮಂದಿ ಎದುರುಬದುರಾಗಿ ಕುಳಿತು ಪ್ರಸಂಗವನ್ನು ನಡೆಸುತ್ತಾರೆ. ಭಾಗವತರು ಪದ ಹಾಡುತ್ತಾರೆ. ಚೆಂಡೆ ಮದ್ದಳೆಗಳು ನುಡಿಯುತ್ತವೆ. ಪದ ಮುಗಿದೊಡನೆ ಅರ್ಥಧಾರಿಯು ಪಾತ್ರವಾಗಿ ಮಾತಿಗೆ ತೊಡಗುತ್ತಾನೆ. ಬರೆದಿಟ್ಟದ್ದು ಪದ ಮಾತ್ರ, ಮಾತೆಲ್ಲವೂ ಆ ಹೊತ್ತಿನ ಸೃಷ್ಟಿ. ಮೊಟ್ಟಮೊದಲು ಆತನು ಹೇಳುವುದಕ್ಕೆ ಪೀಠಿಕೆಯೆಂದು ಹೆಸರು: ತಾನಾರು, ಯಾರ ಮಗ, ಈವರೆಗೆ ಏನೇನು ನಡೆಯಿತು, ಈಗ ತನ್ನ ಮನಸ್ಸು ಯಾವ ಹದದಲ್ಲಿದೆ. ನಮ್ಮ ಹುಡುಗರು ಬರೆಯುವ ಪೂರ್ವಕಥೆಯು ಇದಲ್ಲದೆ ಮತ್ತೇನು? ಬಯಲುಸೀಮೆಯ ದೊಡ್ಡಾಟದಲ್ಲಂತೂ ರಂಗಕ್ಕೆ ಬಂದ ದೊರೆಯನ್ನು ಸಾರಥಿಯು ಅಡ್ಡಗಟ್ಟಿ, ತಾವು ಯಾರು, ಯಾವ ದೇಶದವರು ಎಂದು ವಿಚಾರಿಸಿಕೊಳ್ಳದೆ ಮುಂದಕ್ಕೆ ಬಿಡುವುದಿಲ್ಲ.

ನಾವಿರುವ ಈ ವಿಜಯವಾಡದಿಂದ ಬಸ್ಸಿನಲ್ಲಿ ಒಂದೆರಡು ಗಂಟೆಯ ದಾರಿ ಕೂಚಿಪೂಡಿ ಗ್ರಾಮ. ಅಲ್ಲಿನ ಭಾಮಾಕಲಾಪದಲ್ಲಿ ಸತ್ಯಭಾಮೆಯು ತೆರೆಯ ಮೇಲಿಂದ ಜಡೆಯನ್ನು ಇಳಿಬಿಟ್ಟು, ಆಮೇಲೆ ಪ್ರವೇಶದ ದರುವಿನಲ್ಲಿ ತನ್ನ ಪರಿಚಯವನ್ನು ತಾನೇ ಹೇಳಿಕೊಳ್ಳುತ್ತಾಳೆ. ವಿದ್ಯೆಯಲ್ಲಿ ತನ್ನನ್ನು ಗೆಲ್ಲುವವರಿದ್ದರೆ ಬರಲಿ ಎಂಬ ಪಂಥಾಹ್ವಾನವೇ ಆ ಜಡೆಯೆಂದು ಹಿಂದಿನವರು ಹೇಳುತ್ತಿದ್ದರು. ವೇದಾಂತಂ ಸತ್ಯನಾರಾಯಣಶರ್ಮರು (1935–2012) ಗಂಡಸರಾಗಿದ್ದು ಆ ಪಾತ್ರವಾಗಿಯೇ ಲೋಕಪ್ರಸಿದ್ಧರಾದರು. ಅವರನ್ನು ಸುಳ್ಳುಗಾರರೆಂದು ಯಾರೂ ಅನ್ನಲಿಲ್ಲ.

ಪೀಠಿಕೆಯ ಕೆಲಸವೆಂಥದೆಂಬುದನ್ನು ವಾಲಿಯ ಪ್ರಸಂಗದಿಂದ ನೋಡೋಣ. ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಿಂದ ಕರಾವಳಿಯಲ್ಲಿ ಮನೆಮಾತಾದ ಕಥೆಯಿದು. ವಾಲಿಯ ಹಿಂದಿನ ಬಾಳಿನಲ್ಲಿ ಸಾಮಗ್ರಿಗೆ ಕೊರತೆಯಿಲ್ಲ. ದುಂದುಭಿಯನ್ನು ಕೊಂದದ್ದಿದೆ, ಅದರಿಂದ ಬಂದ ಮತಂಗಮುನಿಯ ಶಾಪವಿದೆ, ಇಂದ್ರನಿತ್ತ ಹೊನ್ನಿನ ಮಾಲೆಯಿದೆ, ರಾವಣನನ್ನು ಕಂಕುಳಲ್ಲಿ ಇರುಕಿಕೊಂಡದ್ದಿದೆ, ಮಾಯಾವಿಯ ಬೆನ್ನಟ್ಟಿ ಗುಹೆ ಹೊಕ್ಕದ್ದಿದೆ. ಎಲ್ಲವನ್ನೂ ಹೇಳಹೊರಟರೆ ಅಲ್ಲಿಗೇ ಬೆಳಗಾಗುವುದು; ಭಾಗವತರು ಕಾದು ಬೇಸತ್ತು ಮುಂದಿನ ಪದವನ್ನು ಎತ್ತಿಯೇಬಿಡುವರು. ಆದುದರಿಂದ ಅರ್ಥಧಾರಿಯು ಆರಿಸಿಕೊಳ್ಳಲೇಬೇಕು. ರಾವಣನ ಸಖ್ಯವನ್ನು ಮುಂದಿಟ್ಟರೆ ಆ ರಾತ್ರಿಯ ವಾಲಿಯು ರಾಜಕಾರಣದ ದೊರೆ. ಗುಹೆಯನ್ನು ಮುಂದಿಟ್ಟರೆ, ಒಡಹುಟ್ಟಿದವನೇ ಬಾಗಿಲಿಗೆ ಬಂಡೆಯಿಟ್ಟನೆಂದು ನೊಂದುಕೊಂಡ ಅಣ್ಣ. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿಯನ್ನು ಕೇಳಿದವರು ಈ ಸಭೆಯಲ್ಲಿಯೂ ಇರಬಹುದು; ಅವರು ನಮಗಿಂತ ಚೆನ್ನಾಗಿ ಹೇಳಬಲ್ಲರು. ಶೇಣಿಯವರ ಊರೂ, ಪಾರ್ತಿಸುಬ್ಬನ ಕುಂಬಳೆಯೂ, 1956ರ ನವೆಂಬರ್ 1ರಂದು, ನಾವು ಹಬ್ಬ ಮಾಡುವ ಇದೇ ತಾರೀಖಿನಂದು, ಕೇರಳಕ್ಕೆ ಸೇರಿಹೋದುವೆಂಬುದನ್ನು ಇಲ್ಲಿ ನೆನೆಯದಿರಲಾಗದು.

ಈಗ ಸುಗ್ರೀವನ ಕಡೆಗೆ ತಿರುಗಿರಿ. ಅವನದೂ ಅದೇ ಗುಹೆ. ವಾಲ್ಮೀಕಿಗಳು ಹೇಳುವಂತೆ ಅವನು ಬಾಗಿಲಲ್ಲಿ ಒಂದು ವರ್ಷಕ್ಕೂ ಮೀರಿ ಕಾದನು. ನೊರೆಗೂಡಿದ ನೆತ್ತರು ಹೊರಕ್ಕೆ ಹರಿದುಬಂತು. ಅಸುರರ ಗರ್ಜನೆ ಕೇಳಿತು, ಅಣ್ಣನ ದನಿ ಕೇಳಲಿಲ್ಲ. ಅಣ್ಣ ಮಡಿದನೆಂದು ಬಗೆದು ಬೆಟ್ಟದಂಥ ಬಂಡೆಯನ್ನು ಮುಚ್ಚಿ ಮರಳಿದನು. ಘಟನೆ ಒಂದೇ, ಪೂರ್ವಕಥೆಗಳು ಎರಡು, ಎರಡರಲ್ಲೂ ಸುಳ್ಳಿಲ್ಲ. ಒಳಗಿದ್ದವನಿಗೆ ಹೊರಗಿನದು ತಿಳಿಯದು, ಹೊರಗಿದ್ದವನಿಗೆ ಒಳಗಿನದು. ಆ ಬಂಡೆಯ ಎರಡು ಬದಿಗಳಿಂದ ಇಬ್ಬರು ಅರ್ಥಧಾರಿಗಳು ಎರಡು ಗಂಟೆ ಮಾತನಾಡಬಲ್ಲರು, ಕೇಳುವವರು ತೂಕಡಿಸರು. ನಮ್ಮ ಹುಡುಗರಿಗೆ ಕಲಿಸಬೇಕಾದ ಗುಟ್ಟೊಂದಿದ್ದರೆ ಇದು: ನಿನ್ನ ಪಾತ್ರದ ಹಿಂದಿನ ಕಥೆಯಲ್ಲಿ ಮತ್ತೊಬ್ಬನಿಗೂ ಪಾಲಿರುವ ಒಂದು ಘಟನೆಯನ್ನಿಡು. ಗೆಳೆಯನನ್ನು ಕೇಳಿಕೊಂಡು ಇಡು. ನೀನು ಕಂಡದ್ದನ್ನು ನೀನು ಬರೆ, ಅವನು ಕಂಡದ್ದನ್ನು ಅವನು ಬರೆಯಲಿ.

ಇದನ್ನು ಬಿಟ್ಟು, ಹತ್ತು ಪುಟದ ಕಥೆ ಬರೆದು, ಶತ್ರುಗಳನ್ನೆಲ್ಲ ಮೊದಲೇ ಕೊಂದು, ಸೇಡನ್ನೆಲ್ಲ ಮೊದಲೇ ತೀರಿಸಿಕೊಂಡು ಬರುವವರುಂಟು. ಅಂಥವನೊಡನೆ ಆಡುವುದು ಕಷ್ಟ. ಅವನ ಕಥೆ ಮುಗಿದೇ ಹೋಗಿರುತ್ತದೆ. ಹೊಗಳುವುದೊಂದನ್ನು ಬಿಟ್ಟು ಉಳಿದವರಿಗೆ ಕೆಲಸವೇನು? ಆಟೋನಗರದ ಮೇಸ್ತ್ರಿಯ ಮುಂದೆ ಹಳೆಯ ಲಾರಿಯೊಂದು ಬಂದು ನಿಂತರೆ, ಅದರ ಹುಟ್ಟಿದ ದಿನದಿಂದ ಹಿಡಿದು ಪುರಾಣವನ್ನು ಆತನು ಕೇಳುವುದಿಲ್ಲ. ಘಟ್ಟದ ದಾರಿಯಲ್ಲಿ ಓಡಿತೋ ಇಲ್ಲವೋ, ಎಷ್ಟು ಲೋಡು ಹೇರುತ್ತಿದ್ದಿರಿ, ಒಮ್ಮೆ ಮಗುಚಿತ್ತೋ ಹೇಗೆ ಎಂದು ಕೇಳುತ್ತಾನೆ. ಇಂದಿನ ಸದ್ದಿಗೆ ಕಾರಣವಾಗಬಲ್ಲ ಹಿಂದಿನ ಸಂಗತಿಯಷ್ಟೇ ಅವನಿಗೆ ಬೇಕು.

ಹೊರದೇಶಗಳಲ್ಲಿ ಈ ಆಟ ಬೆಳೆದ ಬಗೆಯನ್ನು ಚುಟುಕಾಗಿ ಹೇಳುವೆವು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟವನ್ನು ಪ್ರಕಟಿಸಿದರು. ಆಗ ಪಾತ್ರವೆಂದರೆ ಬಹುಮಟ್ಟಿಗೆ ದಾಳವೆಸೆದು ಪಡೆದ ಅಂಕಿಗಳು: ಬಲ ಇಷ್ಟು, ಬುದ್ಧಿ ಇಷ್ಟು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದ ರಾಯ್ ಟ್ರಬ್‌ಷಾ ಎಂಬ ವಿದ್ಯಾರ್ಥಿಯು ಕಂಪ್ಯೂಟರಿನಲ್ಲಿ ಹಲವರು ಕೂಡಿ ಆಡುವ, ಬರಿಯ ಅಕ್ಷರಗಳ ಆಟವನ್ನು ಕಟ್ಟತೊಡಗಿದನು; ರಿಚರ್ಡ್ ಬಾರ್ಟ್ಲ್ ಅದನ್ನು ಬೆಳೆಸಿದನು. ಮೊದಲಿನ ಆಟದ 2014ರ ಆವೃತ್ತಿಗೆ ಬರುವ ಹೊತ್ತಿಗೆ ಪ್ರತಿಯೊಂದು ಪಾತ್ರಕ್ಕೂ ಹಿನ್ನೆಲೆ, ಆದರ್ಶ, ಮಮತೆಯ ಬಂಧನ, ಒಂದು ದೋಷ ಇವಿಷ್ಟನ್ನೂ ಬರೆಯುವ ಏರ್ಪಾಡಾಯಿತು. ಅಂಕಿಯಿಂದ ಹೊರಟವರು ನಲವತ್ತು ವರ್ಷ ನಡೆದು ಪೀಠಿಕೆಗೆ ತಲುಪಿದರೆಂದು ನಾವು ತುಸು ಹೆಮ್ಮೆಯಿಂದ ನಗಬಹುದು. ಆದರೂ ಭೇದವಿದೆ. ಪ್ರಸಂಗದಲ್ಲಿ ವಾಲಿಯು ಏನು ವಾದಿಸಿದರೂ ಕೊನೆಗೆ ರಾಮಬಾಣಕ್ಕೆ ಬೀಳಲೇಬೇಕು; ಪೀಠಿಕೆಯಿಂದ ಬದಲಾಗುವುದು ಆ ಸಾವಿನ ಅರ್ಥ ಮಾತ್ರ. ಹುಡುಗರ ಆಟದಲ್ಲಿ ಕೊನೆಯೇ ಗೊತ್ತಿಲ್ಲ. ಆಟ ನಡೆಸುವವನು ಅವರವರ ಪೂರ್ವಕಥೆಗಳಿಂದ ಎಳೆ ತೆಗೆದು ಮುಂದಿನದನ್ನು ನೇಯುತ್ತಾನೆ. ಬೇಜವಾಬ್ದಾರಿಯಿಂದ ಬರೆದರೆ ನೇಯಲು ನೂಲಿರುವುದಿಲ್ಲ.

ಇನ್ನು ಆ ತಾಯಿಯ ಕಣ್ಣೀರಿನ ವಿಷಯ. ಹುಡುಗರು ತಮ್ಮ ಪಾತ್ರಗಳನ್ನು ಅನಾಥರನ್ನಾಗಿ ಮಾಡುವುದೇಕೆ? ಅನಾಥನಿಗೆ ಯಾರನ್ನೂ ಕೇಳದೆ ಮನೆಬಿಟ್ಟು ಹೊರಡುವ ಸ್ವಾತಂತ್ರ್ಯವಿದೆ. ಹತ್ತು ಗಂಟೆಗೆ ಮಲಗೆನ್ನುವವರಿಲ್ಲ. ಕಾರಣವು ಬಹುಪಾಲು ಇಷ್ಟೇ. ಇದರಲ್ಲಿ ತಂದೆತಾಯಿಗಳ ಮೇಲಿನ ದ್ವೇಷವನ್ನು ಹುಡುಕಬೇಕಾಗಿಲ್ಲ. ಆದರೆ ಕಲೆಯ ದೃಷ್ಟಿಯಿಂದ ನೋಡಿದರೆ ಇದು ಸುಲಭದ ದಾರಿ. ಕರ್ಣನನ್ನು ನೋಡಿರಿ. ಅವನು ಹೆತ್ತವಳಿಂದ ದೂರವಾದವನು, ಆದರೆ ಅನಾಥನಲ್ಲ. ಸಾಕಿದ ರಾಧೆಯಿದ್ದಾಳೆ, ಅಧಿರಥನಿದ್ದಾನೆ, ಅನ್ನವಿತ್ತ ದುರ್ಯೋಧನನಿದ್ದಾನೆ. ಕೃಷ್ಣನು ಜನ್ಮರಹಸ್ಯವನ್ನು ತಿಳಿಸಿದ ಮೇಲೂ ಅವನು ಪಾಂಡವರ ಕಡೆಗೆ ಹೋಗಲಾರದೆ ಹೋದುದು ಈ ಋಣಗಳಿಂದ. ಬಂಧುಗಳಿಲ್ಲದ ಪಾತ್ರಕ್ಕೆ ಇಂಥ ಇಕ್ಕಟ್ಟು ಎಲ್ಲಿಂದ ಬರಬೇಕು?

ನಾವೆಲ್ಲರೂ ದಿನವೂ ಪೀಠಿಕೆ ಹೇಳುತ್ತಲೇ ಇದ್ದೇವಲ್ಲ! ಶೆಡ್ಡಿನಲ್ಲೋ ಬ್ಯಾಂಕಿನಲ್ಲೋ ‘ಮೀದಿ ಏ ಊರು?’ ಎಂದು ಕೇಳಿದೊಡನೆ ಕುಂದಾಪುರದವರೂ ಉಡುಪಿಯವರಾಗುತ್ತೇವೆ, ತುಮಕೂರಿನವರೂ ಬೆಂಗಳೂರಿನವರಾಗುತ್ತೇವೆ. ಕೇಳಿದವನಿಗೆ ಹಿಡಿದುಕೊಳ್ಳಲು ಒಂದು ಹಿಡಿ ಸಿಕ್ಕಿದರೆ ಸಾಕೆಂಬುದು ನಮಗೆ ಗೊತ್ತು. ಆದಿಕವಿ ಪಂಪನಾದರೋ ತನ್ನ ವಂಶವನ್ನು ಹೇಳಿಕೊಳ್ಳುವಾಗ ವೆಂಗಿಮಂಡಲದ ಅಗ್ರಹಾರವನ್ನು ಮರೆಯಲಿಲ್ಲ. ವೆಂಗಿಯೆಂದರೆ ಇಲ್ಲಿಯೇ ಏಲೂರಿನ ಬಳಿಯ ಪೆದವೇಗಿಯ ಸೀಮೆ. ಆತನ ಹಿರಿಯರು ಇಲ್ಲಿಂದ ಹೋದವರು, ನಾವು ಅಲ್ಲಿಂದ ಬಂದವರು. ಆತನೇ 941ರ ವಿಕ್ರಮಾರ್ಜುನವಿಜಯದಲ್ಲಿ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನ ಪಾತ್ರದಲ್ಲಿ ನಿಲ್ಲಿಸಿದನು. ಬದುಕಿರುವ ಮನುಷ್ಯನಿಗೆ ಮಹಾಭಾರತದ ಪೂರ್ವಕಥೆಯನ್ನು ತೊಡಿಸಿದ ಸಾಹಸವದು.

ನಮ್ಮ ಹುಡುಗನ ಹಾಳೆಯಲ್ಲಿ ‘ಊರಿಲ್ಲ’ ಎಂದಿದ್ದುದೇ ನಮ್ಮನ್ನು ಹೆಚ್ಚು ಕಾಡಿತು. ತಂದೆತಾಯಿಗಳನ್ನು ಬೇಕೆಂದು ಅಳಿಸಿದನು. ಊರನ್ನು ಮಾತ್ರ, ಬರೆಯುವುದಕ್ಕೆ ತಿಳಿಯದೆ ಬಿಟ್ಟಿರಬಹುದೆಂದು ನಮ್ಮ ಅನುಮಾನ. ಅಜ್ಜನ ಮನೆಯ ಅಂಗಳ, ಮಳೆಗಾಲದ ಸಂಕ, ರಾಯಚೂರಿನ ಬಿಸಿಲು, ಇವುಗಳನ್ನು ನಾವು ಹೇಳದಿದ್ದರೆ ಅವನು ಎಲ್ಲಿಂದ ತರುವನು? ಪರದೇಶದ ಹಿಮದ ಕೋಟೆಯನ್ನೇ ತರುವನು.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ತಾಳಮದ್ದಳೆಯಲ್ಲಿ ರಾಮನಾದವನೂ ವಾಲಿಯಾದವನೂ ಕೂಟ ಮುಗಿದ ಮೇಲೆ ಜತೆಯಾಗಿ ಕುಳಿತು ಕಾಫಿ ಕುಡಿಯುವುದನ್ನು ಎಲ್ಲರೂ ಕಾಣುತ್ತಾರೆ. ಪರದೆಯ ಆಚೆಗೆ ಕುಳಿತವನು ಯಾರೋ, ಎಷ್ಟು ವಯಸ್ಸಿನವನೋ ಕಾಣದು. ಆದುದರಿಂದ ಪಾತ್ರದ ಊರು ಕಥೆಯ ಊರಾಗಿರಲಿ. ನಿಮ್ಮ ನಿಜವಾದ ಬೀದಿ, ಶಾಲೆ, ತಂದೆಯ ಅಂಗಡಿ, ಫೋನು ನಂಬರುಗಳು ಅದರೊಳಗೆ ಬರಕೂಡದು. ಆಟದ ನಡುವೆ ಪಾತ್ರವನ್ನು ಬಿಟ್ಟು ನಿಮ್ಮ ಸ್ವಂತದ ಸಂಗತಿಗಳನ್ನೋ ಚಿತ್ರವನ್ನೋ ಕೇಳುವವನು ಆಟಗಾರನಲ್ಲವೆಂದು ತಿಳಿದು, ಕೂಡಲೆ ಮನೆಯಲ್ಲಿ ಹೇಳಬೇಕು. ಹೇಳಿದ ಮಗುವನ್ನು ಬೈದು ಫೋನು ಕಿತ್ತುಕೊಳ್ಳುವ ತಂದೆತಾಯಿಗಳಿಗೆ, ಮುಂದಿನ ಸಲ ಯಾವ ಸಂಗತಿಯೂ ಕಿವಿಗೆ ಬೀಳದು.

ಕೊನೆಯದಾಗಿ ನಮ್ಮ ಸಂಘದ ಏರ್ಪಾಡೊಂದು. ಬರುವ ತಿಂಗಳ ಕೊನೆಯ ಭಾನುವಾರ ಸಂಜೆ ಇದೇ ಸಭಾಂಗಣದಲ್ಲಿ ಹುಡುಗರಿಂದಲೇ ವಾಲಿಯ ಪ್ರಸಂಗ ನಡೆಯತಕ್ಕದ್ದು. ಪೀಠಿಕೆಯನ್ನು ಅವರವರೇ ಕಟ್ಟಬೇಕು, ಕನ್ನಡದಲ್ಲಿ ಹೇಳಬೇಕು. ಕನ್ನಡದ ಅಕ್ಷರ ಬಾರದವರು ತೆಲುಗು ಅಕ್ಷರದಲ್ಲಿ ಬರೆದುಕೊಂಡು ಬಂದರೆ ಅಡ್ಡಿಯಿಲ್ಲ, ಎರಡೂ ಒಂದೇ ಬಳ್ಳಿಯವು. ಒಬ್ಬೊಬ್ಬರಿಗೆ ಐದು ನಿಮಿಷ, ಮೀರಿದರೆ ಭಾಗವತರು ಪದ ಎತ್ತುವರು. ವಾಲಿಯಾಗಲು ಏಳು ಮಂದಿ ಹೆಸರು ಕೊಟ್ಟಿದ್ದಾರೆ. ಬಂಡೆಯ ಹೊರಬದಿಯಲ್ಲಿ ನಿಲ್ಲಲು ಈವರೆಗೆ ಒಬ್ಬರೂ ಮುಂದೆ ಬಂದಿಲ್ಲ. ಸುಗ್ರೀವನಾಗಲೊಪ್ಪುವವರು ಈ ಹೊತ್ತು ಊಟದ ಪಂಕ್ತಿಗೆ ಕೂಡುವುದಕ್ಕೆ ಮುನ್ನ ನಮಗೆ ತಿಳಿಸಬೇಕಾಗಿ ಪ್ರಾರ್ಥನೆ.