ಬಿಚ್ಚಲು ಬರುವಂತೆ ಕಟ್ಟಬೇಕು

(ಪರಿಸರ ಕಾರ್ಯಕರ್ತರು ಹಾಗೂ ಕಾಲೇಜು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಎಲೆಕ್ಟ್ರಾನಿಕ್ ವಸ್ತುಗಳನ್ನು ತಯಾರಿಸುವ ಉದ್ಯಮಗಳು ‘ಸರ್ಕ್ಯುಲರ್ ಎಕಾನಮಿ’ಯನ್ನು, ನಮ್ಮ ಮಾತಿನಲ್ಲಿ ಹೇಳುವುದಾದರೆ ವರ್ತುಲ ಅರ್ಥವ್ಯವಸ್ಥೆಯನ್ನು, ಹೇಗೆ ಅಳವಡಿಸಿಕೊಳ್ಳಬಹುದು ಎಂಬುದು ಇಂದು ನನಗೆ ಕೊಟ್ಟಿರುವ ವಿಷಯ. ಮೊಬೈಲು ತಯಾರಿಸುವ ಕಾರ್ಖಾನೆ ಇಲ್ಲದ ಈ ಘಟ್ಟದ ಊರಿನಲ್ಲಿ ಇದನ್ನೇಕೆ ಮಾತನಾಡಬೇಕು ಎಂದು ಕೆಲವರಿಗಾದರೂ ಅನ್ನಿಸಿರಬಹುದು. ಉತ್ತರ ನಮ್ಮ ಮನೆಗಳ ಅಟ್ಟದ ಮೇಲೆಯೇ ಇದೆ. ಪರದೆ ಒಡೆದ ಮೊಬೈಲು, ಸಿಡಿಲು ಬಡಿದು ಸುಟ್ಟ ಟಿವಿ, ಯಾವ ಯಂತ್ರದ್ದೆಂದೇ ನೆನಪಿಲ್ಲದ ಚಾರ್ಜರುಗಳು, ಉಬ್ಬಿಕೊಂಡ ಬ್ಯಾಟರಿ. ಈ ವಸ್ತುಗಳು ಎಂತಹ ಮೂಲೆಯ ಹಳ್ಳಿಗೂ ಬಂದು ಸೇರುತ್ತವೆ. ಬಂದ ದಾರಿಯಲ್ಲಿ ಹಿಂದಿರುಗಿ ಹೋಗುವ ವ್ಯವಸ್ಥೆ ಮಾತ್ರ ಅವುಗಳಿಗಿಲ್ಲ. ಅಟ್ಟ ತುಂಬಿದ ಮೇಲೆ ಅವು ಹಳ್ಳದ ದಂಡೆಗೆ ಬರುತ್ತವೆ, ಇಲ್ಲವೇ ಒಲೆಯ ಬೂದಿಯೊಂದಿಗೆ ಗೊಬ್ಬರದ ಗುಂಡಿಗೆ ಸೇರುತ್ತವೆ.

ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 6 ಕೋಟಿ 20 ಲಕ್ಷ ಟನ್ ವಿದ್ಯುನ್ಮಾನ ತ್ಯಾಜ್ಯ ಉತ್ಪತ್ತಿಯಾಯಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದಕ್ಕೆ ದಾಖಲೆಯಿರುವುದು ಶೇಕಡಾ 22.3ಕ್ಕೆ ಮಾತ್ರ. ಉಳಿದದ್ದು ಎಲ್ಲೋ ಹೋಯಿತು. ‘ಎಲ್ಲೋ’ ಎಂಬ ಊರು ಸಾಮಾನ್ಯವಾಗಿ ಬಡವರ ಊರೇ ಆಗಿರುತ್ತದೆ.

ವರ್ತುಲ ಎಂಬ ಕಲ್ಪನೆಯನ್ನು ಅಡಿಕೆ ತೋಟದವರಿಗೆ ವಿವರಿಸಬೇಕಾಗಿಲ್ಲ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ, ತೋಟದ ಹಾಳೆ ಮತ್ತೆ ಮನೆಗೆ. ಆದರೆ ಯಂತ್ರದ ವಿಷಯಕ್ಕೆ ಇದಕ್ಕಿಂತ ಹತ್ತಿರದ ಹೋಲಿಕೆಯೊಂದು ನಮ್ಮಲ್ಲಿದೆ. ಮಲೆನಾಡಿನ ಹಳೆಯ ಮರದ ಮನೆಗಳನ್ನು ನಮ್ಮ ಹಿರಿಯರು ಕೆಡವುತ್ತಿರಲಿಲ್ಲ, ಬಿಚ್ಚುತ್ತಿದ್ದರು. ಈ ಪದವನ್ನು ದಯವಿಟ್ಟು ಗಮನಿಸಿ. ಕಂಬ, ತೊಲೆ, ಜಂತಿಗಳನ್ನು ಮರದ ಗೂಟ ಮತ್ತು ಬೆಣೆಗಳಿಂದ ಜೋಡಿಸಿದ್ದರಿಂದ, ಬೆಣೆ ತೆಗೆದರೆ ಮನೆ ಬಿಡಿಬಿಡಿಯಾಗಿ ಇಳಿಯುತ್ತಿತ್ತು. ಅಜ್ಜನ ಮನೆಯ ಕಂಬ ಮೊಮ್ಮಗನ ಜಗುಲಿಯಲ್ಲಿ ನಿಲ್ಲುತ್ತಿತ್ತು. ಕಟ್ಟುವ ದಿನವೇ ಬಿಚ್ಚುವ ದಿನದ ವಿಚಾರವನ್ನೂ ಬಡಗಿ ಮಾಡಿರುತ್ತಿದ್ದ. ಎಲೆಕ್ಟ್ರಾನಿಕ್ ಉದ್ಯಮದಲ್ಲಿ ವರ್ತುಲ ಕಡಿದುಹೋಗಿರುವುದು ಸರಿಯಾಗಿ ಇದೇ ಜಾಗದಲ್ಲಿ ಎಂಬುದು ನನ್ನ ಇಂದಿನ ಮಾತಿನ ತಿರುಳು. ಬಳಸಿ ಬಿಸಾಡಿದ ಮೇಲೆ ಏನು ಮಾಡಬೇಕು ಎಂಬ ಚರ್ಚೆ ಬಹಳ ನಡೆಯುತ್ತದೆ. ಆದರೆ ಆ ಹೊತ್ತಿಗೆ ಮಾಡಲು ಉಳಿದಿರುವುದು ಸ್ವಲ್ಪವೇ.

ಇಪ್ಪತ್ತು ವರ್ಷಗಳ ಹಿಂದಿನ ಮೊಬೈಲನ್ನು ನೆನಪಿಸಿಕೊಳ್ಳಿ. ಹಿಂದಿನ ಮುಚ್ಚಳವನ್ನು ಉಗುರಿನಿಂದ ಎತ್ತಿದರೆ ಬ್ಯಾಟರಿ ಕೈಗೆ ಬರುತ್ತಿತ್ತು. ಪೇಟೆಯಲ್ಲಿ ಹೊಸದನ್ನು ತಂದು ಹಾಕಿದರೆ ಫೋನು ಮತ್ತೆ ಎರಡು ಮೂರು ವರ್ಷ ನಡೆಯುತ್ತಿತ್ತು. ಇಂದಿನ ಫೋನಿನಲ್ಲಿ ಬ್ಯಾಟರಿಯನ್ನು ಅಂಟಿನಿಂದ ಕೂರಿಸಿ, ಅದರ ಮೇಲೆ ಗಾಜನ್ನೂ ಅಂಟಿಸಿರುತ್ತಾರೆ. ತೆಳುವಾಗಬೇಕು, ನೀರು ನುಗ್ಗಬಾರದು ಎಂಬ ಕಾರಣಗಳನ್ನು ಕೊಡುತ್ತಾರೆ. ಆ ಕಾರಣಗಳು ಪೂರ್ತಿ ಸುಳ್ಳಲ್ಲ. ಆದರೆ ಲಿಥಿಯಂ ಬ್ಯಾಟರಿ ಕೆಲವು ನೂರು ಸಲ ಚಾರ್ಜಾದ ಮೇಲೆ ಸೊರಗುತ್ತದೆ ಎಂಬುದು ತಯಾರಕರಿಗೆ ಮೊದಲೇ ಗೊತ್ತು. ಮೊದಲು ಸವೆಯುವ ಭಾಗವನ್ನೇ ಬದಲಾಯಿಸಲು ಆಗದಂತೆ ಬಿಗಿದರೆ, ಇಡೀ ಯಂತ್ರದ ಆಯುಷ್ಯ ಆ ಭಾಗದ ಆಯುಷ್ಯಕ್ಕೆ ಇಳಿದಂತಾಯಿತು. ಒಂದು ಫೋನಿನ ಒಟ್ಟು ಇಂಗಾಲದ ಹೊರೆಯಲ್ಲಿ ಮುಕ್ಕಾಲು ಪಾಲಿನಷ್ಟು ಅದು ನಮ್ಮ ಕೈಗೆ ಬರುವ ಮೊದಲೇ, ಗಣಿ ಮತ್ತು ಕಾರ್ಖಾನೆಗಳಲ್ಲೇ ಆಗಿಹೋಗಿರುತ್ತದೆ. ಹಾಗಾಗಿ ಎರಡು ವರ್ಷದ ಫೋನನ್ನು ಐದು ವರ್ಷ ಓಡಿಸುವುದು ಯಾವ ಮರುಬಳಕೆ ಘಟಕವೂ ಮಾಡಲಾಗದ ಉಪಕಾರ.

ಅಂಟಿನ ಜೊತೆಗೆ ಇನ್ನೊಂದು ಕಾಣದ ಬೀಗವೂ ಇದೆ, ಅದು ತಂತ್ರಾಂಶದ್ದು. ಹಳೆಯ ಬ್ಯಾಟರಿಯ ಐಫೋನುಗಳ ವೇಗವನ್ನು ತಂತ್ರಾಂಶದ ಮೂಲಕ ತಗ್ಗಿಸುತ್ತಿರುವುದನ್ನು ಆಪಲ್ ಕಂಪನಿ 2017ರಲ್ಲಿ ಒಪ್ಪಿಕೊಂಡಿತು. ಫೋನು ಹಠಾತ್ತನೆ ಆರಿಹೋಗದಿರಲೆಂದು ಹೀಗೆ ಮಾಡಿದೆವೆಂದು ಅದು ಹೇಳಿತು. ಗ್ರಾಹಕರಿಗೆ ತಿಳಿಸದೆ ಮಾಡಿದ್ದಕ್ಕಾಗಿ ಫ್ರಾನ್ಸ್ 2020ರಲ್ಲಿ ಅದಕ್ಕೆ 2 ಕೋಟಿ 50 ಲಕ್ಷ ಯೂರೋ ದಂಡ ವಿಧಿಸಿತು.

ಹಾಗಾದರೆ ತಯಾರಕನು ಬಾಳಿಕೆ ಬರುವ ವಸ್ತುವನ್ನು ಏಕೆ ಮಾಡಬೇಕು? ಹೆಚ್ಚು ಬಾಳಿದರೆ ಅವನ ವ್ಯಾಪಾರ ಕಡಿಮೆಯಾಗುವುದಿಲ್ಲವೇ? ಈ ಪ್ರಶ್ನೆಗೆ ಉಪದೇಶದಿಂದ ಉತ್ತರ ಸಿಗದು. ವಸ್ತು ಯಾರ ಸ್ವತ್ತಾಗಿ ಉಳಿಯುತ್ತದೆ ಎಂಬುದರಲ್ಲಿ ಉತ್ತರವಿದೆ.

ಹಿರಿಯರಿಗೆ ನೆನಪಿರಬಹುದು, ಬೆರಳು ಹಾಕಿ ತಿರುಗಿಸುವ ಆ ಕಪ್ಪು ದೂರವಾಣಿ. ಬೆಂಗಳೂರಿನಲ್ಲಿ 1948ರಲ್ಲಿ ಸ್ಥಾಪನೆಯಾದ ಐಟಿಐ ಕಾರ್ಖಾನೆ ಅಂತಹ ಉಪಕರಣಗಳನ್ನು ತಯಾರಿಸುತ್ತಿತ್ತು. ಮನೆಯಲ್ಲಿದ್ದರೂ ಅದು ಮನೆಯವರದ್ದಾಗಿರಲಿಲ್ಲ, ಇಲಾಖೆಯದಾಗಿತ್ತು. ನಾವು ಬಾಡಿಗೆ ಕೊಡುತ್ತಿದ್ದೆವು. ಕೆಟ್ಟರೆ ಲೈನ್‌ಮನ್ ಬಂದು ಸರಿಪಡಿಸುತ್ತಿದ್ದ ಅಥವಾ ಬೇರೆಯದನ್ನು ಇಟ್ಟು ಹೋಗುತ್ತಿದ್ದ. ಪ್ರತಿ ದುರಸ್ತಿಯ ಖರ್ಚು ಇಲಾಖೆಯ ತಲೆಯ ಮೇಲೆಯೇ ಬೀಳುತ್ತಿದ್ದುದರಿಂದ, ಉಪಕರಣ ಗಟ್ಟಿಯಾಗಿರುವುದು, ತಿರುಪು ತೆಗೆದರೆ ಬಿಚ್ಚುವಂತಿರುವುದು, ಬಿಡಿಭಾಗ ಎಲ್ಲ ಕಡೆ ಒಂದೇ ಆಗಿರುವುದು ಅದರದೇ ಲಾಭವಾಗಿತ್ತು. ಆ ವ್ಯವಸ್ಥೆಯನ್ನು ನಾನು ಹೊಗಳುತ್ತಿಲ್ಲ. ಒಂದು ಸಂಪರ್ಕಕ್ಕೆ ವರ್ಷಗಟ್ಟಲೆ ಕಾಯಬೇಕಿದ್ದ ಕಾಲವದು. ಆದರೆ ಆ ಲೆಕ್ಕಾಚಾರದಲ್ಲಿ ಪಾಠವಿದೆ. ಝೆರಾಕ್ಸ್ ಕಂಪನಿಯೂ 1959ರಲ್ಲಿ ಬಂದ ತನ್ನ ಪ್ರಸಿದ್ಧ ನಕಲು ಯಂತ್ರವನ್ನು ಬಾಡಿಗೆಗೆ ಕೊಟ್ಟು ಪ್ರತಿಗಳ ಲೆಕ್ಕದಲ್ಲಿ ಹಣ ಪಡೆಯಿತು. ಯಂತ್ರ ತನ್ನ ಬಳಿಗೇ ಮರಳಿ ಬರುವುದರಿಂದ, ಭಾಗಗಳನ್ನು ತೊಳೆದು, ಪರೀಕ್ಷಿಸಿ, ಮತ್ತೆ ಜೋಡಿಸಿ ಕಳುಹಿಸುವ ಪದ್ಧತಿಯನ್ನು ಮುಂದೆ 1990ರ ದಶಕದಲ್ಲಿ ಅದು ವಿಸ್ತಾರವಾಗಿ ಬೆಳೆಸಿತು. ಕಚೇರಿ, ಶಾಲೆ, ಆಸ್ಪತ್ರೆಗಳು ಬಳಸುವ ಕಂಪ್ಯೂಟರು, ಮುದ್ರಣ ಯಂತ್ರಗಳಿಗೆ ಈ ದಾರಿ ಇಂದಿಗೂ ಸುಲಭವಾದದ್ದು.

ಮಾರಾಟ ಮಾಡಿಯೂ ಈ ಕೆಲಸ ಸಾಧ್ಯವೇ? ನೆದರ್‌ಲ್ಯಾಂಡಿನ ಆಮ್‌ಸ್ಟರ್‌ಡ್ಯಾಮ್ ನಗರದ ಫೇರ್‌ಫೋನ್ ಎಂಬ ಚಿಕ್ಕ ಕಂಪನಿ ಇದಕ್ಕೆ ಉದಾಹರಣೆ. ಅದರ ಮೊದಲ ಫೋನು ಬಂದದ್ದು 2013ರಲ್ಲಿ. 2015ರ ಎರಡನೆಯ ಮಾದರಿಯಲ್ಲಿ ಪರದೆ, ಕ್ಯಾಮೆರಾ, ಬ್ಯಾಟರಿಗಳನ್ನು ಬಳಕೆದಾರನೇ ಬಿಚ್ಚಿ ಬದಲಿಸುವಂತೆ ಬಿಡಿಬಿಡಿಯಾಗಿ ಜೋಡಿಸಲಾಗಿತ್ತು. ಆ ಮಾದರಿಗೆ 2023ರವರೆಗೂ ಕಂಪನಿ ತಂತ್ರಾಂಶ ಒದಗಿಸಿತು. ಮೂರನೆಯ ಮಾದರಿಯ ಪೆಟ್ಟಿಗೆಯಲ್ಲಿ ಪುಟ್ಟ ಸ್ಕ್ರೂಡ್ರೈವರನ್ನೂ ಇಟ್ಟಿದ್ದರು. ಬೆಣೆ ತೆಗೆಯುವ ಸುತ್ತಿಗೆಯನ್ನು ಮನೆಯ ಜೊತೆಗೇ ಕೊಟ್ಟಂತೆ! ಇದರ ಮಿತಿಯನ್ನೂ ಹೇಳಬೇಕು. ಜಗತ್ತಿನಲ್ಲಿ ವರ್ಷಕ್ಕೆ ನೂರು ಕೋಟಿಗೂ ಹೆಚ್ಚು ಸ್ಮಾರ್ಟ್‌ಫೋನುಗಳು ಮಾರಾಟವಾಗುವಾಗ ಈ ಕಂಪನಿ ಮಾರುವುದು ಲಕ್ಷಗಳ ಲೆಕ್ಕದಲ್ಲಿ, ಅದೂ ಹೆಚ್ಚಾಗಿ ಯುರೋಪಿನಲ್ಲಿ. ಬೆಲೆಯೂ ಕಡಿಮೆಯಲ್ಲ. ಆದರೂ ‘ತಾಂತ್ರಿಕವಾಗಿ ಅಸಾಧ್ಯ’ ಎಂದು ದೊಡ್ಡ ಕಂಪನಿಗಳು ಹೇಳುವ ಮಾತನ್ನು ಇಷ್ಟು ಸಣ್ಣ ಸಂಸ್ಥೆಯೊಂದು ಸುಳ್ಳು ಮಾಡಿತು.

ಈಗ ನಮ್ಮ ಮನೆಯೊಳಗೇ ಪೂರ್ಣಗೊಳ್ಳುವ ಒಂದು ವರ್ತುಲವನ್ನು ನೋಡೋಣ. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟಿಲ್ಲದ ನಮಗೆ ಸೌರದೀಪ ಅಥವಾ ಇನ್ವರ್ಟರಿನ ಸೀಸದ ಬ್ಯಾಟರಿ ಚಿರಪರಿಚಿತ. ಅದು ಸತ್ತರೆ ಯಾರೂ ಹಳ್ಳಕ್ಕೆ ಎಸೆಯುವುದಿಲ್ಲ. ಅಂಗಡಿಗೆ ಒಯ್ದರೆ ಹೊಸದರ ಬೆಲೆಯಲ್ಲಿ ಕಡಿತ ಸಿಗುತ್ತದೆ. ಹಳೆಯ ಬ್ಯಾಟರಿಗಳನ್ನು ತಯಾರಕರು ಮತ್ತು ವ್ಯಾಪಾರಿಗಳು ಹಿಂದಕ್ಕೆ ಪಡೆಯಬೇಕೆಂದು 2001ರ ನಿಯಮಗಳೇ ಹೇಳಿದ್ದವು. 2022ರ ಹೊಸ ನಿಯಮಗಳು ಅದನ್ನು ಎಲ್ಲ ಬಗೆಯ ಬ್ಯಾಟರಿಗಳಿಗೂ ವಿಸ್ತರಿಸಿವೆ. ಈ ವರ್ತುಲ ಏಕೆ ನಡೆಯುತ್ತದೆ? ಅದರೊಳಗೆ ಇರುವುದು ಮುಖ್ಯವಾಗಿ ಸೀಸ, ಪ್ಲಾಸ್ಟಿಕ್ ಪೆಟ್ಟಿಗೆ ಮತ್ತು ಗಂಧಕಾಮ್ಲ. ಬೇರ್ಪಡಿಸುವುದು ಸುಲಭ. ಸೀಸವು 327 ಡಿಗ್ರಿಯಲ್ಲಿ ಕರಗುತ್ತದೆ, ಕರಗಿಸಿದ ಸೀಸ ಹೊಸದರಷ್ಟೇ ಚೆನ್ನ. ಅಂಗಡಿಯವನು ಹಣ ಕೊಡುತ್ತಾನೆ.

ಆದರೆ ಇದೇ ಸೌಲಭ್ಯ ವಿಷವೂ ಆಗುತ್ತದೆ. ಸುಲಭವಾಗಿ ಕರಗುವುದರಿಂದಲೇ ಪರವಾನಗಿಯಿಲ್ಲದ ಕುಲುಮೆಗಳು ಊರಾಚೆ ತಲೆಯೆತ್ತುತ್ತವೆ. ಆಮ್ಲವನ್ನು ಚರಂಡಿಗೆ ಸುರಿದು ಬಯಲಿನಲ್ಲಿ ಸೀಸ ಕಾಯಿಸುತ್ತಾರೆ. ಆ ಹೊಗೆ ಮತ್ತು ದೂಳಿನ ಸೀಸ ಮಕ್ಕಳ ರಕ್ತಕ್ಕೆ ಸೇರಿದರೆ ಬುದ್ಧಿಯ ಬೆಳವಣಿಗೆಯೇ ಕುಂಠಿತವಾಗುತ್ತದೆ, ಅದನ್ನು ಮರಳಿ ಸರಿಪಡಿಸಲಾಗದು. ಆದ್ದರಿಂದ ತಯಾರಕನ ಹೊಣೆ ಅಂಗಡಿಯ ಕಡಿತದೊಂದಿಗೆ ಮುಗಿಯದು. ತನ್ನ ಬ್ಯಾಟರಿ ಕೊನೆಗೆ ಯಾವ ಕುಲುಮೆಗೆ ಹೋಯಿತು ಎಂಬುದಕ್ಕೂ ಅವನು ಲೆಕ್ಕ ಕೊಡಬೇಕು.

ಮೊಬೈಲಿನ ಮಂಡಲಿಯ ವಿಷಯ ಇನ್ನೂ ಜಟಿಲ. ಒಂದು ಫೋನಿನಲ್ಲಿ ಐವತ್ತಕ್ಕೂ ಹೆಚ್ಚು ಮೂಲವಸ್ತುಗಳು ಚಿಟಿಕೆ ಚಿಟಿಕೆಯಾಗಿ ಬೆರೆತಿರುತ್ತವೆ. ಇಲ್ಲಿ ಕೋಲಾರ ಜಿಲ್ಲೆಯನ್ನು ನೆನೆಯಬೇಕು. ಕೆಜಿಎಫ್‌ನ ಗಣಿಗಳು ಮೂರು ಕಿಲೋಮೀಟರಿಗೂ ಆಳಕ್ಕಿಳಿದು, ಕೊನೆಯ ವರ್ಷಗಳಲ್ಲಿ ಒಂದು ಟನ್ ಅದಿರಿನಿಂದ ಕೆಲವೇ ಗ್ರಾಂ ಚಿನ್ನ ತೆಗೆದು, 2001ರಲ್ಲಿ ಮುಚ್ಚಿದವು. ಅವು ಬಿಟ್ಟುಹೋದ ಸಯನೈಡ್ ದಿಬ್ಬಗಳ ದೂಳನ್ನು ಆ ಊರಿನ ಜನ ಇಂದಿಗೂ ಉಸಿರಾಡುತ್ತಿದ್ದಾರೆ. ಅದೇ ಜಿಲ್ಲೆಯ ನರಸಾಪುರದಲ್ಲಿ ಈಗ ಐಫೋನುಗಳ ಜೋಡಣೆ ನಡೆಯುತ್ತದೆ. ವಿಸ್ಟ್ರಾನ್ ಕಟ್ಟಿದ ಆ ಕಾರ್ಖಾನೆಯನ್ನು 2023ರಲ್ಲಿ ಟಾಟಾ ಸಮೂಹ ಕೊಂಡುಕೊಂಡಿತು. ನೆಲದಿಂದ ಚಿನ್ನ ಅಗೆಯುತ್ತಿದ್ದ ಜಿಲ್ಲೆಯಿಂದ ಇಂದು ಫೋನುಗಳೊಳಗೆ ಅಡಗಿ ಚಿನ್ನ ಹೊರಗೆ ಹೋಗುತ್ತಿದೆ. ಒಂದು ಟನ್ ಹಳೆಯ ಫೋನುಗಳಲ್ಲಿರುವ ಚಿನ್ನ ಅಷ್ಟೇ ತೂಕದ ಅದಿರಿನಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚು.

ಜಪಾನೀಯರು ಇದನ್ನು ಮಾಡಿ ತೋರಿಸಿದರು. ಟೋಕಿಯೊ ಒಲಿಂಪಿಕ್ಸ್‌ನ ಸುಮಾರು 5,000 ಪದಕಗಳಿಗಾಗಿ 2017ರಿಂದ 2019ರವರೆಗೆ ಜನರಿಂದ 62 ಲಕ್ಷ ಹಳೆಯ ಮೊಬೈಲುಗಳನ್ನೂ ಸೇರಿಸಿ ಸುಮಾರು 79,000 ಟನ್ ಸಣ್ಣ ಯಂತ್ರಗಳನ್ನು ಸಂಗ್ರಹಿಸಿ, 32 ಕಿಲೋ ಚಿನ್ನ, 3,500 ಕಿಲೋ ಬೆಳ್ಳಿ ಪಡೆದರು. ಆದರೆ ಚಿನ್ನ, ತಾಮ್ರಗಳ ಮಾತು ಬೇರೆ. ಸ್ಪೀಕರಿನ ಅಯಸ್ಕಾಂತದಲ್ಲಿರುವ ನಿಯೋಡಿಮಿಯಂನಂತಹ ವಿರಳ ಲೋಹಗಳ ಜಾಗತಿಕ ಬೇಡಿಕೆಯಲ್ಲಿ ತ್ಯಾಜ್ಯದಿಂದ ಪೂರೈಕೆಯಾಗುವುದು ಶೇಕಡಾ 1ರಷ್ಟು ಮಾತ್ರ. ಯಂತ್ರವನ್ನು ಪುಡಿ ಮಾಡಿ ಕುಲುಮೆಗೆ ಹಾಕಿದಾಗ ಅವು ಕಿಟ್ಟದೊಂದಿಗೆ ಹೋಗಿಬಿಡುತ್ತವೆ. ಬಿಚ್ಚಿ ಬೇರೆ ಮಾಡಿದರೆ ಉಳಿಯುತ್ತವೆ. ಆಪಲ್ ಕಂಪನಿ 2018ರಲ್ಲಿ ಗಂಟೆಗೆ 200 ಫೋನು ಬಿಚ್ಚುವ ‘ಡೈಸಿ’ ಎಂಬ ರೋಬೋ ತೋರಿಸಿತು. ಮೆಚ್ಚಬೇಕಾದ ಯಂತ್ರವೇ ಸರಿ. ಆದರೆ ಪೇಟೆಯ ದುರಸ್ತಿಗಾರನ ಕೈಗೆ ಬಗ್ಗದಂತೆ ಅಂಟಿಸಿ, ಅದನ್ನು ಬಿಚ್ಚಲು ಒಂದು ರೋಬೋ ಕಟ್ಟುವುದನ್ನು ನಾನು ಜಾಣತನವೆಂದು ಒಪ್ಪಲಾರೆ.

ಇನ್ನು ಕಾನೂನು. ನಮ್ಮ ದೇಶದಲ್ಲಿ ಇ-ತ್ಯಾಜ್ಯಕ್ಕೆ ತಯಾರಕರನ್ನೇ ಹೊಣೆಯಾಗಿಸುವ ಮೊದಲ ನಿಯಮಗಳು 2011ರಲ್ಲಿ ಬಂದವು. ಈಗಿರುವುದು 2022ರ ನಿಯಮಗಳು, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ತಯಾರಕನು ನೋಂದಾಯಿತ ಮರುಬಳಕೆದಾರನಿಂದ ಪ್ರಮಾಣಪತ್ರ ಖರೀದಿಸಿ ತನ್ನ ಗುರಿಯನ್ನು ತೋರಿಸಬೇಕು. ಆ ಪ್ರಮಾಣಪತ್ರ ಸಿಗುವುದು ಚಿನ್ನ, ತಾಮ್ರ, ಕಬ್ಬಿಣ, ಅಲ್ಯೂಮಿನಿಯಂ ಎಂಬ ನಾಲ್ಕು ಲೋಹಗಳ ತೂಕದ ಮೇಲೆ. ಯಂತ್ರವನ್ನು ದುರಸ್ತಿ ಮಾಡಿ ಆಯುಷ್ಯ ಹೆಚ್ಚಿಸಿದರೆ ಹೊಣೆಯನ್ನು ಮುಂದೂಡಲು ಅವಕಾಶವೊಂದಿದೆ, ಅದು ಒಳ್ಳೆಯದು. ಆದರೂ ಹತ್ತು ವರ್ಷ ಬಾಳುವ ಯಂತ್ರ ಮಾಡಿದವನಿಗೂ ಎರಡು ವರ್ಷಕ್ಕೆ ಸಾಯುವ ಯಂತ್ರ ಮಾಡಿದವನಿಗೂ ವಿನ್ಯಾಸದ ಹಂತದಲ್ಲಿ ಈ ಕಾನೂನು ವ್ಯತ್ಯಾಸ ಮಾಡುವುದಿಲ್ಲ. ತೂಗುವ ತಕ್ಕಡಿ ಇದೆ, ಆಯುಷ್ಯ ಅಳೆಯುವ ಕೋಲು ಇಲ್ಲ.

ಯುರೋಪಿನವರು ಆ ಕೋಲನ್ನು ಹಿಡಿದಿದ್ದಾರೆ. ಫ್ರಾನ್ಸಿನಲ್ಲಿ 2021ರಿಂದ ಫೋನು, ಲ್ಯಾಪ್‌ಟಾಪುಗಳ ಮೇಲೆ ‘ಎಷ್ಟು ಸುಲಭವಾಗಿ ದುರಸ್ತಿಯಾಗುತ್ತದೆ’ ಎಂಬ ಅಂಕವನ್ನು ಹತ್ತಕ್ಕೆ ಇಷ್ಟು ಎಂದು ಮುದ್ರಿಸುವುದು ಕಡ್ಡಾಯವಾಯಿತು. 2025ರ ಜೂನ್ 20ರಿಂದ ಯುರೋಪಿನ ಮಾರುಕಟ್ಟೆಗೆ ಬರುವ ಹೊಸ ಸ್ಮಾರ್ಟ್‌ಫೋನುಗಳ ಮುಖ್ಯ ಬಿಡಿಭಾಗಗಳು ಆ ಮಾದರಿಯ ಮಾರಾಟ ನಿಂತ ಮೇಲೂ 7 ವರ್ಷ ಸಿಗಬೇಕು, ತಂತ್ರಾಂಶ ಕನಿಷ್ಠ 5 ವರ್ಷ ಬರಬೇಕು, 800 ಸಲ ಚಾರ್ಜಾದ ಮೇಲೂ ಬ್ಯಾಟರಿಯಲ್ಲಿ ಶೇಕಡಾ 80ರಷ್ಟು ಶಕ್ತಿ ಉಳಿದಿರಬೇಕು. ಬಳಕೆದಾರನೇ ಬ್ಯಾಟರಿ ತೆಗೆದು ಹಾಕುವಂತಿರಬೇಕೆಂಬ ನಿಯಮಕ್ಕೆ 2027ರ ಫೆಬ್ರುವರಿ 18 ಎಂದು ದಿನ ಗೊತ್ತುಮಾಡಿದ್ದಾರೆ. ದೀರ್ಘ ಬಾಳಿಕೆಯ ಬ್ಯಾಟರಿ ಇರುವ, ನೀರು ನುಗ್ಗದ ಫೋನುಗಳಿಗೆ ವಿನಾಯಿತಿಯ ಕಿಂಡಿಯನ್ನೂ ಬಿಟ್ಟಿದ್ದಾರೆ.

ವಿದ್ಯಾರ್ಥಿಗಳು ಇಲ್ಲೊಂದು ಪ್ರಶ್ನೆಯನ್ನು ಎತ್ತಿಕೊಳ್ಳಬೇಕು. ನಮ್ಮ ದೇಶದಲ್ಲಿ ಜೋಡಣೆಯಾದ ಫೋನುಗಳು ಹೊರದೇಶಗಳಿಗೂ ಹೋಗುತ್ತವೆ. ಯುರೋಪಿನ ಗ್ರಾಹಕನಿಗೆ ಏಳು ವರ್ಷ ಬಿಡಿಭಾಗ ಕೊಡಲು ಬದ್ಧವಾದ ಕಂಪನಿಗೆ, ಅದೇ ಮಾದರಿಯನ್ನು ಕೊಂಡ ತೀರ್ಥಹಳ್ಳಿಯ ಗ್ರಾಹಕನಿಗೂ ಕೊಡಲು ಏನು ಅಡ್ಡಿ? ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕು’ ಜಾಲತಾಣವನ್ನು 2022ರ ಡಿಸೆಂಬರಿನಲ್ಲಿ ಆರಂಭಿಸಿದೆ. ದುರಸ್ತಿ ಸೂಚ್ಯಂಕದ ಬಗ್ಗೆ ನೇಮಿಸಿದ್ದ ಸಮಿತಿ 2025ರಲ್ಲಿ ವರದಿಯನ್ನೂ ಸಲ್ಲಿಸಿದೆ. ಆ ಅಂಕ ಕಡ್ಡಾಯವಾಗಬೇಕು, ಪೆಟ್ಟಿಗೆಯ ಮೇಲೆ ಕನ್ನಡದಲ್ಲಿಯೂ ಮುದ್ರಣವಾಗಬೇಕು ಎಂದು ಇಲಾಖೆಗೆ ನಾವು ಪತ್ರ ಬರೆಯಬಹುದು. ಮನವಿಯ ಕರಡನ್ನು ಸಂಘಟಕರ ಬಳಿ ಕೊಟ್ಟಿದ್ದೇನೆ, ಓದಿ ನೋಡಿ ಒಪ್ಪಿಗೆಯಾದರೆ ಸಹಿ ಹಾಕಿ. ತಾಲೂಕು ಕೇಂದ್ರದ ಮೊಬೈಲು ದುರಸ್ತಿಯ ಹುಡುಗರು ಇಬ್ಬರು ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಯಾವ ಕಂಪನಿಯ ಬಿಡಿಭಾಗ ಸಿಗುತ್ತದೆ, ಯಾವುದರದ್ದು ಸಿಗುವುದಿಲ್ಲ ಎಂಬುದನ್ನು ಅವರು ನನಗಿಂತ ಚೆನ್ನಾಗಿ ಬಲ್ಲರು. ಪ್ರಶ್ನೋತ್ತರದ ಹೊತ್ತಿನಲ್ಲಿ ಮೊದಲು ಅವರ ಮಾತನ್ನು ಕೇಳೋಣ.